ಮುಂದಿನ ಸೀಟಿನ ಸೆನ್ಸರ್

ನನ್ನ ಗಂಡನಿಗೆ ಮಾತು ಬರುವುದಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತು ದಿನವಿಡೀ ಊರವರ ಜೊತೆ ಮಾತಾಡುತ್ತಾರೆ. ಮೆಕ್ಯಾನಿಕ್ ಸೈಫುದ್ದೀನನ ಜೊತೆ ಫೋನಿನಲ್ಲಿ ಮಾತಾಡುತ್ತಾರೆ. ಜಲನಗರದ ನಮ್ಮ ಮನೆಯ ಮುಂದೆ ನಿಂತ ಟರ್ಬೊ ಡೀಸೆಲ್ ಕಾರಿನ ಜೊತೆಗಂತೂ ಬಾನೆಟ್ ಎತ್ತಿ, ಅದರ ಕಿವಿಯೋ ಮೂಗೋ ಯಾವುದರ ಹತ್ತಿರವೋ ಬಾಯಿಟ್ಟು ಮಾತಾಡುತ್ತಾರೆ. ಹೊಸ್ತಿಲು ದಾಟಿ ಒಳಗೆ ಬಂದ ಕೂಡಲೇ ಅರುಣಕುಮಾರ ಎಂಬ ಆ ಮಹಾಪುರುಷರು ಮೌನವ್ರತಕ್ಕೆ ಕೂರುತ್ತಾರೆ.

"ಝುಣಕಾ ಮಾಡ್ಲ್ಯೋ, ಬದನಿಕಾಯಿ ಎಣ್ಣಗಾಯಿ ಮಾಡ್ಲ್ಯೋ?" ಎಂದರೆ "ಹೂಂ" ಎನ್ನುತ್ತಾರೆ. (ಎರಡನ್ನೂ ಮಾಡಿ ಬಡಿಸಿದ್ದೇನೆ. ಎರಡನ್ನೂ ಮಾತಿಲ್ಲದೆ ಮುಗಿಸಿದ್ದಾರೆ.)

ಮಗಳು ಧಾರವಾಡದ ಹಾಸ್ಟೆಲಿಗೆ ಹೋದ ಮೇಲೆ ಮನೆಯಲ್ಲಿ ನನ್ನ ಜೊತೆ ದನಿ ಎತ್ತುವುದು ಕುಕ್ಕರ್ ಒಂದೇ. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇನೆ, ನನಗೆ ಬಹಳ ಬೇಸರವಾಗುತ್ತಿತ್ತು. ಒಬ್ಬಳೇ ಇದ್ದಾಗ ಹೇಗೋ ಹೊತ್ತು ಹೋಗುತ್ತಿತ್ತು. ಅವರು ಎದುರಿಗೆ ಕೂತಿದ್ದಾಗಲೇ ಅಳು ಬರುತ್ತಿತ್ತು.

ಹೀಗಿರುವಾಗ ಇವರು ಸೈಫುದ್ದೀನನ ಕೈಯಲ್ಲಿ ಎಂಜಿನ್ ಟ್ಯೂನಿಂಗ್ ಮಾಡಿಸಿಕೊಂಡು ಬಂದರು. ಅಂದರೆ ಕಾರಿನೊಳಗಿನ ಕಂಪ್ಯೂಟರಿಗೆ ಹೊಸ ಫೈಲ್ ಹಾಕಿ, ಟರ್ಬೊ ಎಂಜಿನ್ನಿಗೆ ಮೊದಲಿಗಿಂತ ಹೆಚ್ಚು ಗಾಳಿ ತುರುಕುವ ಹಾಗೆ ಮಾಡುವುದು. ಆ ಗಾಳಿಯ ಒತ್ತಡವನ್ನು ಅಳೆದು ಎಂಜಿನ್ನಿಗೆ ವರದಿ ಒಪ್ಪಿಸಲು ಬೆರಳುದ್ದದ ಒಂದು ಸೆನ್ಸರ್ ಇರುತ್ತದೆ. ಹೊಸ ಒತ್ತಡ ಹಳೆಯ ಸೆನ್ಸರಿನ ಅಳತೆಗೆ ಮೀರಿತ್ತು. ಅದು ಎಲ್ಲಿ ಕೈಚೆಲ್ಲುತ್ತದೆ ಎಂದು ತಿಳಿಯಬೇಕಾದರೆ ಕಾರು ಓಡುವಾಗ ಪಕ್ಕದಲ್ಲಿ ಕೂತು ಯಾರಾದರೂ ಮೊಬೈಲಿನಲ್ಲಿ ಬರುವ ಅಂಕಿಗಳನ್ನು ಕೂಗಿ ಹೇಳಬೇಕಿತ್ತು.

"ಶೈಲಾ, ಖಾಲಿ ಅದೀ ಏನ?" ಎಂದರು ಇವರು.

ಮದುವೆಯಾದಾಗಿನಿಂದ ಖಾಲಿಯೇ ಇದ್ದೇನೆ ಎನ್ನಲಿಲ್ಲ. ಸೀರೆ ಬದಲಿಸಿ ಮುಂದಿನ ಸೀಟಿನಲ್ಲಿ ವಿರಾಜಮಾನಳಾದೆ.

ಆಹಾ, ಟಿಕೋಟಾ ರಸ್ತೆಯ ಆ ಸಂಜೆಗಳು! ಎರಡೂ ಬದಿಗೆ ದ್ರಾಕ್ಷಿ ತೋಟ, ನಡುವೆ ನಮ್ಮ ದಾಂಪತ್ಯ.

"ಎಷ್ಟೈತಿ?"

"ದೀಡ ಆತ್ರಿ, ಒಂದೂವರಿ!"

"ಈಗ?"

"ಎರಡಕ್ಕ ಬಂತ್ರಿ! ಅಲ್ಲೇ ನಿಂತೈತ್ರಿ, ಏರವಲ್ದು!"

ಅಂಕಿಯ ಮಾತಾದರೇನು, ಮಾತು ಮಾತೇ. ತಿರುಗಿ ಬರುವಾಗ ಟಿಕೋಟಾದಲ್ಲಿ ಮಿರ್ಚಿ ಭಜಿ ಕೊಡಿಸಿ, "ಖಾರ ಐತೇನ?" ಎಂದು ಕೇಳಿದರು. ನನಗೆ ಕಣ್ಣು ತುಂಬಿ ಬಂತು. ಖಾರಕ್ಕೆ ಎಂದುಕೊಂಡು ನೀರಿನ ಬಾಟಲಿ ಕೊಟ್ಟರು.

ಸುಖ ಬಹಳ ದಿನ ನಡೆಯಲಿಲ್ಲ. ಸೈಫುದ್ದೀನ ದೊಡ್ಡ ಅಳತೆಯ ಸೆನ್ಸರ್ ತಂದು, ಅದಕ್ಕೆ ಹೊಂದುವ ಫೈಲ್ ಹಾಕಿ, ನಮ್ಮ ಮನೆಯ ಮುಂದೆಯೇ ಜೋಡಿಸಿದ. ಟಾರ್ಚ್ ಹಿಡಿದವಳು ನಾನೇ. ನೋಡಲು ಎರಡೂ ಸೆನ್ಸರ್ ಒಂದೇ ಥರ. ಬಿಚ್ಚಲು ಒಂದು ಸ್ಕ್ರೂ, ಒಂದು ಪ್ಲಗ್ ಅಷ್ಟೇ.

"ಅಕ್ಕಾರ, ಸೆನ್ಸರಿಗೂ ಫೈಲಿಗೂ ಹೊಂದಾಣಿಕಿ ಇರಬೇಕ್ರಿ," ಎಂದ ಅವನು. "ಈಗ ತಪ್ಪಿ ಹಳೇದ ಹಾಕಿದ್ರ, ಇಲ್ಲದ ಒತ್ತಡ ಐತಿ ಅಂತ ಎಂಜಿನ್ನಿಗೆ ಸುಳ್ಳ ಹೇಳತೈತಿ. ಗಾಡಿ ಕರೀ ಹೊಗಿ ಬಿಟ್ಟ ಮುಕ್ಕರಿತೈತ್ರಿ."

ಕಾರು ಹಾರತೊಡಗಿತು. ಇವರು ಸೋಫಾಕ್ಕೆ ಮರಳಿದರು, ಮೌನವೂ ಮರಳಿತು. ನಾನು ಎಷ್ಟು ಕಾಯಲಿ? ಒಂದು ಬೆಳಿಗ್ಗೆ ಇವರು ಸ್ನಾನಕ್ಕೆ ಹೋದಾಗ ಬಾನೆಟ್ ಎತ್ತಿ, ಹೊಸ ಸೆನ್ಸರ್ ಬಿಚ್ಚಿ, ಸೈಫುದ್ದೀನ ಬಿಟ್ಟುಹೋಗಿದ್ದ ಹಳೆಯದನ್ನು ಕೂರಿಸಿದೆ. ಹೊಸದನ್ನು ಬ್ಲೌಸಿನ ತುಂಡಿನಲ್ಲಿ ಸುತ್ತಿ ಶೇಂಗಾ ಡಬ್ಬಿಯಲ್ಲಿ ಅಡಗಿಸಿದೆ. (ಪತಿವ್ರತೆಯರ ಪಟ್ಟಿಯಿಂದ ನನ್ನ ಹೆಸರು ಹೊಡೆದರೂ ಚಿಂತೆಯಿಲ್ಲ.)

ಸಂಜೆ ಕಾರು ಕರಿ ಹೊಗೆ ಕಾರುತ್ತ ಬಂತು. ಹಿಂದೆಯೇ ಆ ಅಮೃತವಾಣಿ: "ಶೈಲಾ, ಖಾಲಿ ಅದೀ ಏನ?"

ಸೈಫುದ್ದೀನ ಮದುವೆಗೆಂದು ಸೋಲಾಪುರಕ್ಕೆ ಹೋಗಿದ್ದ. ಫೋನಿನಲ್ಲೇ ಪರೀಕ್ಷೆ ಹೇಳಿದ: ಎಂಜಿನ್ ಶುರು ಮಾಡದೆ ಚಾವಿ ಮಾತ್ರ ತಿರುಗಿಸಿದಾಗ ಅಂಕಿ ಒಂದಕ್ಕಿಂತ ಚೂರು ಕಡಿಮೆ ಇರಬೇಕು, ಇದ್ದರೆ ಸೆನ್ಸರ್ ಸರಿಯಿದೆ. ನನ್ನ ಕೈಯಲ್ಲಿದ್ದ ಮೊಬೈಲಿನಲ್ಲಿ ಒಂದನ್ನು ದಾಟಿ ಅಂಕಿ ಕುಣಿಯುತ್ತಿತ್ತು.

"ಒಂದಕ್ಕ ಚೂರ ಕಡಿಮಿ ಐತ್ರಿ," ಎಂದೆ, ದೇವರ ಮೇಲೆ ಭಾರ ಹಾಕಿ.

ಸೆನ್ಸರ್ ನಿರಪರಾಧಿ ಎಂದು ತೀರ್ಮಾನವಾಯಿತು. ಇವರು ಪೈಪು ನೋಡಿದರು, ಫಿಲ್ಟರ್ ಬದಲಿಸಿದರು, ಡೀಸೆಲ್ ಹಾಕಿದ ಬಂಕಿನವನನ್ನು ಬೈದರು. ಪ್ರತಿ ಸಂಜೆ ಪರೀಕ್ಷೆ. ಟಿಕೋಟಾ ಸಾಲದೆ ಬಬಲೇಶ್ವರದ ತನಕ ಹೋದೆವು. ಗಾಡಿ ಮುಕ್ಕರಿಯುತ್ತ ನಿಧಾನಕ್ಕೆ ಹೋಗುವಾಗ ಇವರ ಬಾಯಿ ತಾನಾಗಿ ತೆರೆಯುತ್ತಿತ್ತು. ಚಿಕ್ಕವರಿದ್ದಾಗ ಬಬಲೇಶ್ವರದ ಸಂತೆಯಲ್ಲಿ ಅಪ್ಪನ ಕೈ ಬಿಟ್ಟು ಕಳೆದುಹೋಗಿ, ಬಳೆ ಅಂಗಡಿಯವಳ ಮಡಿಲಲ್ಲಿ ನಿದ್ದೆ ಹೋಗಿದ್ದರಂತೆ. ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಅದು ಗೊತ್ತೇ ಇರಲಿಲ್ಲ. ಈ ಕಾರು ಜನ್ಮದಲ್ಲಿ ರಿಪೇರಿಯಾಗದಿರಲಿ ಎಂದು ಮನಸಾರೆ ಬೇಡಿಕೊಂಡೆ.

ಒಂದು ಸಂಜೆ ಇವರು ಬೆಂಕಿಪೆಟ್ಟಿಗೆ ಗಾತ್ರದ ಯಂತ್ರವೊಂದನ್ನು ಹಿಡಿದು ಬಂದರು. ಮುಖದಲ್ಲಿ ಎಂದೂ ಕಾಣದ ಅಕ್ಕರೆ.

"ನನ್ನ ಸಲವಾಗಿ ನಿನಗ ಭಾಳ ತ್ರಾಸ ಆತ ಶೈಲಾ. ಒದರಿ ಒದರಿ ಗಂಟಲಾ ಬಿದ್ದೈತಿ. ಇದನ್ನ ಕಾರಿಗೆ ಸಿಗಿಸಿದ್ರ ಅಂಕಿ ಎಲ್ಲಾ ತಾನ ಬರಕೋತೈತಿ. ನಾಳಿಂದ ನೀ ಮನ್ಯಾಗ ಆರಾಮ ಕೂಡು."

"ನನಗೇನ ತ್ರಾಸ ಇಲ್ರಿ! ನಾ ಬರ್ತೇನ್ರಿ!"

"ಏ, ಹುಚ್ಚಿ. ಎಷ್ಟ ಅಂತ ದುಡಸ್ಲಿ ನಿನ್ನ?"

ಗಂಡನ ಪ್ರೀತಿ ಇಷ್ಟು ಕ್ರೂರವಾಗಿರುತ್ತದೆ ಎಂದು ತಿಳಿದಿರಲಿಲ್ಲ. ಅದರ ಮೇಲೆ ಹೆದರಿಕೆ ಬೇರೆ. ಆ ಯಂತ್ರಕ್ಕೆ ನನ್ನ ಹಾಗೆ ಸುಳ್ಳು ಹೇಳಲು ಬರುವುದಿಲ್ಲ; ಚಾವಿ ತಿರುಗಿಸಿದ ಕೂಡಲೇ ನನ್ನ ಬಣ್ಣ ಬಯಲಾಗುತ್ತದೆ. ಮರುದಿನ ಇವರ ಸ್ನಾನದ ಹೊತ್ತಿಗೆ ಶೇಂಗಾ ಡಬ್ಬಿಯಿಂದ ಹೊಸ ಸೆನ್ಸರ್ ತೆಗೆದು ಅದರ ಜಾಗಕ್ಕೆ ಸೇರಿಸಿದೆ.

ಸಂಜೆ ಇವರು ಒಬ್ಬರೇ ಹೋದರು. ನಾನು ಗೇಟಿನಲ್ಲೇ ನಿಂತಿದ್ದೆ. ತಿರುಗಿ ಬಂದಾಗ ಹೊಗೆಯಿಲ್ಲ, ಮುಕ್ಕರಿಕೆಯಿಲ್ಲ. ಕಾರಿನಿಂದ ಇಳಿಯುವ ಮೊದಲೇ ಸೈಫುದ್ದೀನನಿಗೆ ಫೋನು:

"ಸಿಕ್ತಪಾ ಫಾಲ್ಟ್! ಇವತ್ತ ಗಾಡಿ ಬಾಣ ಹೋದಂಗ ಹೋತು! ಸೆನ್ಸರ್ ಬರೋಬರಿ, ಫೈಲ್ ಬರೋಬರಿ. ಏನ ಬದಲ ಆಗೈತಿ ಹೇಳು? ನಮ್ಮಾಕಿ ಕುಂತಿರಲಿಲ್ಲ, ಅಷ್ಟ! ಎಲ್ಲಾ ಲೋಡಿನ ಆಟಪಾ!"

(ಮೊದಲ ದಿನ ಹೊಗೆ ಕಾರುತ್ತ ಬಂದಾಗ ಕಾರಿನಲ್ಲಿ ತಾವೊಬ್ಬರೇ ಇದ್ದದ್ದು ಇವರಿಗೆ ನೆನಪಾಗಲಿಲ್ಲ.) ಸೈಫುದ್ದೀನ ಏನು ಅಂದನೋ, ಇವರು ನನ್ನನ್ನು ಮೇಲಿನಿಂದ ಕೆಳಗಿನ ತನಕ ಅಳೆದು, "ಹಾಂ, ತೂಕ ಐತಿ," ಎಂದರು. ನಿಜ ಹೇಳಿದರೆ ಕಳ್ಳಿ, ಹೇಳದಿದ್ದರೆ ಲೋಡು. ಲೋಡೇ ಆದೆ.

ಇವರು ಒಳಗೆ ಬಂದು, ಚಪ್ಪಲಿ ಬಿಟ್ಟು, ನನ್ನ ಪಕ್ಕದಲ್ಲೇ ಕೂತರು. ಮಾತಾಡತೊಡಗಿದರು! ನಾನಿಲ್ಲದ ಕಾರು ಏರಿನಲ್ಲಿ ಹೇಗೆ ನುಗ್ಗಿತು, ನಾನಿಲ್ಲದ್ದಕ್ಕೆ ಲಾರಿಯನ್ನು ಎಷ್ಟು ಸಲೀಸಾಗಿ ಹಿಂದೆ ಹಾಕಿದರು, ಇನ್ನು ಮುಂದೆ ಎಲ್ಲೆಲ್ಲಿಗೆ ಒಬ್ಬರೇ ಹೋಗಬಹುದು, ಎಲ್ಲವನ್ನೂ ಕೈಬೀಸಿ, ಕಣ್ಣರಳಿಸಿ ವಿವರಿಸಿದರು. ಚಹಾ ಆರಿತು, ಒಲೆಯ ಮೇಲಿನ ಬೇಳೆ ಸೀದಿತು, ಅವರು ನಿಲ್ಲಿಸಲಿಲ್ಲ. ನನ್ನ ಮನೆಯಲ್ಲಿ, ನನ್ನ ಗಂಡ, ನನ್ನ ಕಡೆ ತಿರುಗಿ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಕೊನೆಗೆ ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ಸುಮ್ಮನಾದರು.

"ಲಾರಿದ ಇನ್ನೊಮ್ಮಿ ಹೇಳ್ರಿ," ಎಂದೆ.