ಮೂರು ರಿಂಗು, ಒಂದು ಕಟ್ಟು ಕೊತ್ತಂಬರಿ

ನಮ್ಮ ಮನೆಯಲ್ಲಿ ಯಾವ ಮಾತೂ ಮಾತಾಗಿ ಉಳಿಯುವುದಿಲ್ಲ. ಸಾರನ್ನ ಮುಗಿಸಿ ಮಜ್ಜಿಗೆಗೆ ಬರುವಷ್ಟರಲ್ಲಿ ಅದು ಪಂದ್ಯವಾಗಿಬಿಟ್ಟಿರುತ್ತದೆ. ನಾನು ಸೋತ ಪಂದ್ಯಗಳ ಲೆಕ್ಕ ಹೆಂಡತಿಯ ಬಾಯಲ್ಲಿದೆ. ಇದು ನಾನು ಗೆದ್ದ ಒಂದೇ ಒಂದು ಪಂದ್ಯದ ಕತೆ. ಓದಿದ ಮೇಲೆ ದಯವಿಟ್ಟು ಯಾರೂ ಅಭಿನಂದಿಸಬೇಡಿ.

ಅಜ್ಜನಿಗೋ?

ಎಂಟನೇ ಕ್ಲಾಸಿನ ಮಗಳು ಸ್ಮಾರ್ಟ್‌ಫೋನು ಬೇಕು ಅಂದಳು. ನನಗೆ ನಿಜಕ್ಕೂ ಭಯವಾಯಿತು. ಅವಳ ಗೆಳತಿಯರ ಮನೆಗೆ ಹೋದಾಗ ನೋಡಿದ್ದೇನೆ, ಫೋನು ಬಂದ ಮೇಲೆ ಆ ಮಕ್ಕಳ ನೆತ್ತಿ ಮಾತ್ರ ಕಾಣುತ್ತದೆ. ನನಗೆ ಮಗಳ ಮುಖ ಇನ್ನೂ ಒಂದೆರಡು ವರ್ಷ ನೋಡಬೇಕಿತ್ತು. ಇನ್ನೊಂದು ವಿಷಯವನ್ನು ಹೇಳಿಬಿಡುತ್ತೇನೆ: ಇಲ್ಲಿ ಅಮೆರಿಕದಲ್ಲಿ, ಪಾಲೋ ಆಲ್ಟೋದ ಆಫೀಸಿನಲ್ಲಿ ನನ್ನ ಕೆಲಸವೇ ಜನರ ಫೋನು ಹೊತ್ತುಹೊತ್ತಿಗೆ ಟಿಂಗ್ ಅನ್ನುವ ಹಾಗೆ ನೋಡಿಕೊಳ್ಳುವುದು. ಮಿಠಾಯಿ ಅಂಗಡಿಯವನು ತನ್ನ ಮಕ್ಕಳಿಗೆ ಮಿಠಾಯಿ ಕೊಡುವುದಿಲ್ಲವಲ್ಲ, ಹಾಗೆ.

"ನಾವೆಲ್ಲ ಸ್ಮಾರ್ಟ್‌ಫೋನ್ ಇಲ್ಲದೇನೇ ಓದಿ ಇಲ್ಲೀತನಕ ಬಂದಿಲ್ವಾ?" ಅಂದೆ.

"ಓಕೆ ಅಪ್ಪಾ. ದೆನ್ ಯು ಡೂ ಇಟ್ ಫಸ್ಟ್," ಅಂದಳು.

ಮಜ್ಜಿಗೆಯ ಹೊತ್ತಿಗೆ ಷರತ್ತುಗಳು ತಯಾರಾದವು. ದೀಪಾವಳಿಯ ಸಂಜೆ ದೀಪ ಹಚ್ಚುವವರೆಗೆ ನಾನು ಮಡಚುವ ಫೋನು ಮಾತ್ರ ಬಳಸಬೇಕು. ಯಾರ ಸ್ಮಾರ್ಟ್‌ಫೋನನ್ನಾದರೂ ಬೆರಳಿನಿಂದ ಮುಟ್ಟಿದರೆ ಮಾರನೇ ದಿನವೇ ಅವಳಿಗೊಂದು ಕೊಡಿಸಬೇಕು. ಮುಟ್ಟದಿದ್ದರೆ ಒಂಬತ್ತನೇ ಕ್ಲಾಸಿಗೆ, ಅಂದರೆ ಇಲ್ಲಿನ ಹೈಸ್ಕೂಲಿಗೆ, ಸೇರುವವರೆಗೆ ಅವಳು ಆ ಸುದ್ದಿ ಎತ್ತುವುದಿಲ್ಲ. ಆರು ತಿಂಗಳಿಗೆಂದು ಧಾರವಾಡದಿಂದ ಬಂದಿದ್ದ ಅತ್ತೆ ಅಂಪೈರು. "ಅಳಿಯಂದಿರು ಅಂತ ನಾ ಬಿಡೂದಿಲ್ಲ ನೋಡ್ರಿ," ಅಂತ ಮೊದಲೇ ಹೇಳಿ, ನನ್ನ ಫೋನನ್ನು ತಮ್ಮ ಸೂಟ್‌ಕೇಸಿನಲ್ಲಿಟ್ಟು ಬೀಗ ಹಾಕಿದರು.

ಫೋನಿನ ಅಂಗಡಿಯ ಹುಡುಗ ಒಂದು ಬೆಳ್ಳಿ ಬಣ್ಣದ ಫೋನು ತೆಗೆದು ತೋರಿಸಿದ. ಚಕ್ಕುಲಿ ಡಬ್ಬದ ಮುಚ್ಚಳದಷ್ಟು ತೆಳ್ಳಗಿತ್ತು. ಕ್ಯಾಮೆರಾ ಇದೆ, ಹಾಡು ಬರುತ್ತೆ, ಮುಚ್ಚಿದರೆ ಟಪ್ ಅನ್ನುತ್ತೆ ಅಂತ ವಿವರಿಸಿ, "ಯುವರ್ ಗ್ರ್ಯಾಂಡ್‌ಫಾದರ್ ವಿಲ್ ಲವ್ ಇಟ್," ಅಂದ. ಅಜ್ಜನಿಗಲ್ಲ, ನನಗೇ ಅಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಒಳಗೆ ಹೋಗಿ, ದಪ್ಪಕ್ಷರದಲ್ಲಿ ಮುದ್ರಿಸಿದ ಕೈಪಿಡಿ ತಂದುಕೊಟ್ಟ. ಬಾಗಿಲವರೆಗೆ ಕೈ ಹಿಡಿದು ಬಂದ.

ಟಪ್

ಆಫೀಸಿನ ಲಾಗಿನ್ನಿಗೆ ಸ್ಮಾರ್ಟ್‌ಫೋನು ಬೇಕಿತ್ತು. ಅದರ ಬದಲು ಬೇರೆ ಕೀ ಕೊಟ್ಟರು, ಆ ತೊಂದರೆ ತೀರಿತು. ಮೊದಲನೇ ವಾರವೇ ಒಂದು ದೊಡ್ಡ ಮೀಟಿಂಗು. ಮ್ಯಾನೇಜರು ಹೊಸ ಕೆಲಸವೊಂದನ್ನು ಹದಿನೈದು ದಿನದಲ್ಲಿ ಮುಗಿಸಬೇಕು ಅಂತ ಹೇಳುತ್ತಿದ್ದರು. ಅಷ್ಟರಲ್ಲಿ ಹೆಂಡತಿಯ ಫೋನು ಬಂತು. "ಹೆಪ್ಪಿಗೆ ಮೊಸರಿಲ್ಲ, ಬರ್ತಾ ತನ್ನಿ," ಅಂದಳು. ನಾನು "ಸರಿ" ಅಂತ ಹೇಳಿ ಮುಚ್ಚಿದೆ. ಟಪ್.

ಇಡೀ ಕೋಣೆ ನನ್ನ ಕಡೆ ತಿರುಗಿತು. ಅಲ್ಲಿದ್ದ ಹುಡುಗರು ಹುಟ್ಟಿದಾಗಿನಿಂದ ಯಾರೂ ಅವರೆದುರು ಫೋನನ್ನು ಹಾಗೆ ಮುಚ್ಚಿರಲಿಲ್ಲ. ಮ್ಯಾನೇಜರು ಗಂಟಲು ಸರಿಮಾಡಿಕೊಂಡು, "ಐ ಹಿಯರ್ ಯು. ಲೆಟ್ಸ್ ಮೇಕ್ ಇಟ್ ಎ ಮಂತ್," ಅಂದರು. ಹೆಪ್ಪಿನ ಮೊಸರಿನಿಂದ ಇನ್ನೂ ಹದಿನೈದು ದಿನದ ವಾಯಿದೆ ಸಿಕ್ಕಿತು.

ಆ ಶಕ್ತಿಯ ರುಚಿ ಹತ್ತಿಬಿಟ್ಟಿತು ನನಗೆ. ಮನೆಗೆ ಬಂದು, ಗರಾಜು ಕ್ಲೀನ್ ಮಾಡುವ ಮಾತು ಬಂದಾಗ, ಸುಮ್ಮನೆ ಫೋನು ತೆರೆದು ಟಪ್ ಅಂತ ಮುಚ್ಚಿದೆ. ಹೆಂಡತಿ ಸಾಮಾನ್ಯವಾಗಿ ನನ್ನ ಜೊತೆ ಬೆಂಗಳೂರು ಕನ್ನಡ ಮಾತಾಡುತ್ತಾಳೆ, ಸಿಟ್ಟು ಬಂದರೆ ಮಾತ್ರ ಧಾರವಾಡಕ್ಕೆ ಹೋಗುತ್ತಾಳೆ. "ಯಾರ ಮುಂದ ರೀ ಆ ಟಪ್ಪು?" ಅಂದಳು.

ಗರಾಜು ಆವತ್ತೇ ಕ್ಲೀನಾಯಿತು.

ಸೋಫಾದ ಮೇಲಿನ ಲಕ್ಷ್ಮಿ

ವರಮಹಾಲಕ್ಷ್ಮಿ ಹಬ್ಬಕ್ಕೆ ಪಕ್ಕದ ಬೀದಿಯ ಬೆಂಗಳೂರಿನವರ ಮನೆಗೆ ಹೋಗಿದ್ದೆವು. ಕಲಶಕ್ಕೆ ಹಸಿರು ರೇಷ್ಮೆ ಸೀರೆ ಉಡಿಸಿ, ಬೆಳ್ಳಿ ಮುಖ ಇಟ್ಟು, ಬಹಳ ಚೆನ್ನಾಗಿ ಅಲಂಕಾರ ಮಾಡಿದ್ದರು. ಆ ಮನೆಯಾಕೆಯ ಅಕ್ಕ ಕೂಡ ಹಸಿರು ರೇಷ್ಮೆ ಉಟ್ಟು, ಮೈತುಂಬ ಒಡವೆ ಹಾಕಿಕೊಂಡು, ಸೋಫಾದ ಮೇಲೆ ಅಲ್ಲಾಡದೆ ಕೂತಿದ್ದರು. ಮೊಣಕಾಲು ನೋವಂತೆ.

ನನ್ನ ಫೋನಿನಲ್ಲೂ ಕ್ಯಾಮೆರಾ ಇದೆ ಅಂತ ತೋರಿಸುವ ಚಪಲಕ್ಕೆ ನಾಲ್ಕಾರು ಫೋಟೋ ಹೊಡೆದು ಅತ್ತೆಯ ಫೋನಿಗೆ ಕಳಿಸಿದೆ. ಆ ಕ್ಯಾಮೆರಾದ ಗುಣವೇನೆಂದರೆ ಅದು ಎಲ್ಲರನ್ನೂ ಸಮಾನವಾಗಿ ಕಾಣುತ್ತದೆ. ಕಣ್ಣು, ಮೂಗು, ಮನುಷ್ಯ, ಮಡಕೆ, ಭೇದವಿಲ್ಲ.

ಅತ್ತೆ ಅದರಲ್ಲಿ ಒಂದನ್ನು ಧಾರವಾಡದ ಬಂಧುಗಳ ಗುಂಪಿಗೆ ಹಾಕಿದರು. "ಈ ಸಲದ ಅಲಂಕಾರ ಭಾಳ ಛಂದ ಆಗೇದ" ಅಂತ ಬರೆದರು. ಸಾಲುಸಾಲು ಕೈಮುಗಿದ ಚಿತ್ರಗಳು ಬಂದವು. ಹೆಂಡತಿಯ ಚಿಕ್ಕಪ್ಪ ಒಬ್ಬರು ಮಗನ ಮದುವೆಗೆ ಹರಕೆ ಹೊತ್ತರು. ಆಮೇಲೆ ಮಗಳು ಅಜ್ಜಿಯ ಫೋನು ತೆಗೆದುಕೊಂಡು ನೋಡಿ ಕಿರುಚಿದಳು, "ಅಜ್ಜೀ, ದಟ್ಸ್ ದಿ ಆಂಟಿ!"

ಅಂದವಳೇ ಫೋನನ್ನು ನನ್ನ ಕಡೆ ಚಾಚಿ, "ಅಪ್ಪಾ, ಯು ಜೂಮ್ ಆಂಡ್ ಸೀ," ಅಂದಳು. ಬೆರಳು ಮುಂದೆ ಹೋಗಿತ್ತು. ಕೊನೆ ಗಳಿಗೆಯಲ್ಲಿ ಎಚ್ಚರವಾಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಅತ್ತೆ ಕನ್ನಡಕ ಸರಿಸಿಕೊಂಡು ನನ್ನ ಬೆರಳನ್ನೇ ನೋಡುತ್ತಿದ್ದರು.

ವಿಷಯ ಆ ಮಹಾತಾಯಿಗೂ ಗೊತ್ತಾಯಿತು. ಬೇಜಾರು ಮಾಡಿಕೊಳ್ಳಲಿಲ್ಲ, ಬದಲಿಗೆ ಚಿಕ್ಕಪ್ಪನ ಮಗನಿಗೆ ಎರಡೇ ತಿಂಗಳಲ್ಲಿ ಹೆಣ್ಣು ಗೊತ್ತಾಗಿದ್ದನ್ನು ಕೇಳಿ, "ಒಳ್ಳೇದಾಗ್ಲಿ, ನನ್ನ ಆಶೀರ್ವಾದ ಇದೆ ಅಂತ ಹೇಳಿ," ಅಂದರು.

ಕೂತರೆ ಹಾಡು

ಹಾಡಿನ ವಿಷಯಕ್ಕೆ ಬರೋಣ. ಅದಕ್ಕೊಂದು ಚಿಕ್ಕ ಮೆಮೊರಿ ಕಾರ್ಡು ಹಾಕಬೇಕು. ಅತ್ತೆ ತಮ್ಮ ಭಜನಾ ಮಂಡಳಿಯಲ್ಲಿ ಹಾಡಿದ್ದ ಹಾಡುಗಳನ್ನೆಲ್ಲ ಮೊಮ್ಮಗಳ ಕೈಲಿ ಅದಕ್ಕೆ ತುಂಬಿಸಿ ಪ್ರೀತಿಯಿಂದ ಕೊಟ್ಟರು. ಬೇಡ ಅನ್ನಲಾಗುತ್ತದೆಯೇ? ಹಾಡಿನ ಗುಂಡಿ ಫೋನಿನ ಹೊರ ಅಂಚಿನಲ್ಲಿತ್ತು. ಹಿಂದಿನ ಜೇಬಿನಲ್ಲಿ ಇಟ್ಟುಕೊಂಡರೆ, ನಾನು ಕೂತ ತಕ್ಷಣ ಅತ್ತೆ ಶುರು ಮಾಡುತ್ತಿದ್ದರು. ಎದ್ದರೆ ನಿಲ್ಲಿಸುತ್ತಿದ್ದರು.

ವರ್ಷದ ಕೆಲಸದ ವಿಮರ್ಶೆಗೆ ಮ್ಯಾನೇಜರು ಕೋಣೆಗೆ ಕರೆದರು. ಕೂತೆ. ಕೆಳಗಿನಿಂದ ತಾಳದ ಸಮೇತ ಅತ್ತೆ ಎದ್ದರು. ಗಾಬರಿಯಲ್ಲಿ ಎದ್ದು ನಿಂತೆ, ನಿಂತಿತು. ಮತ್ತೆ ಕೂತೆ, ಪಲ್ಲವಿ. "ಐ ವಿಲ್ ಸ್ಟ್ಯಾಂಡ್," ಅಂದೆ. ಮ್ಯಾನೇಜರು ನನ್ನ ಸೊಂಟವನ್ನೇ ಮರುಕದಿಂದ ನೋಡಿದರು. ಮಾರನೇ ವಾರ ನನ್ನ ಜಾಗದಲ್ಲಿ ನಿಂತು ಕೆಲಸ ಮಾಡುವ ಎತ್ತರದ ಮೇಜು ಬಂದಿತ್ತು, ಜೊತೆಗೆ ಬೆನ್ನುನೋವಿನ ವ್ಯಾಯಾಮದ ಪಟ್ಟಿ.

ಫೋನನ್ನು ಶರ್ಟಿನ ಜೇಬಿಗೆ ವರ್ಗಾಯಿಸಿದೆ. ಆದರೂ ಆ ಮೇಜನ್ನು ಹಿಂದಿರುಗಿಸಲಿಲ್ಲ. ಅತ್ತೆಯ ಹಾಡಿನ ಮೇಲೆ ಕೂತವನು ಅನ್ನುವ ಹೆಸರಿಗಿಂತ ಬೆನ್ನುನೋವಿನವನು ಅನ್ನುವ ಹೆಸರು ವಾಸಿ.

ಎತ್ತಬಾರದ ಫೋನು

ಅಂಕಿಗಳ ಗುಂಡಿಯಲ್ಲಿ ಅಕ್ಷರ ಒತ್ತಿ ಮೆಸೇಜು ಕಳಿಸುವುದು ನನ್ನ ಹೆಬ್ಬೆರಳಿಗೆ ಆಗಲಿಲ್ಲ. "ಹಾಲು ತಂದೆ" ಅಂತ ಬರೆಯುವಷ್ಟರಲ್ಲಿ ನಾನೇ ಮನೆ ತಲುಪಿರುತ್ತಿದ್ದೆ. ಆಗ ಹೆಂಡತಿ ಹಳೇ ಮಿಸ್ಡ್ ಕಾಲ್ ಪದ್ಧತಿಯನ್ನು ಹೊರತೆಗೆದಳು. ನಮಗೆ ಮದುವೆ ಗೊತ್ತಾಗಿದ್ದಾಗ ನಾನು ಬೆಂಗಳೂರು, ಅವಳು ಧಾರವಾಡ. ಒಂದು ರಿಂಗು ಕೊಟ್ಟು ಕತ್ತರಿಸಿದರೆ "ನಿನ್ನ ನೆನಪಾಯಿತು" ಅಂತ ಅರ್ಥ. ಎತ್ತಬಾರದು, ಎತ್ತಿದರೆ ದುಡ್ಡು ಹೋಗುತ್ತದೆ. ಈಗ ದುಡ್ಡೇನೂ ಹೋಗುವುದಿಲ್ಲ, ಆದರೂ ನಿಯಮ ನಿಯಮವೇ. ಹೊಸ ಒಪ್ಪಂದ ಹೀಗಿತ್ತು: ಒಂದು ರಿಂಗು ಅಂದರೆ ಅತ್ತೆಯನ್ನು ದೇವಸ್ಥಾನದಿಂದ ಕರೆದುಕೊಂಡು ಬಾ. ಎರಡು ಅಂದರೆ ಹಾಲು. ಮೂರು ಅಂದರೆ ಕೊತ್ತಂಬರಿ ಸೊಪ್ಪು, ಒಂದು ಕಟ್ಟು. ನೆನಪಾಯಿತು ಅನ್ನುವುದಕ್ಕೆ ರಿಂಗು ಉಳಿಯಲಿಲ್ಲ.

ಈ ಏರ್ಪಾಡು ಎಷ್ಟು ಚೆನ್ನಾಗಿ ನಡೆಯಿತೆಂದರೆ ದೀಪಾವಳಿ ಬಂದಿದ್ದೇ ತಿಳಿಯಲಿಲ್ಲ. ಮಗಳೂ ಬದಲಾಗಿದ್ದಳು. ಕಾರಿನಲ್ಲಿ ಸಿಗ್ನಲ್ಲಿಗೆ ನಿಂತಾಗ ನೋಡುವುದಕ್ಕೆ ಇಬ್ಬರ ಕೈಲೂ ಏನೂ ಇಲ್ಲ, ವಿಧಿಯಿಲ್ಲದೆ ಮಾತಾಡುತ್ತಿದ್ದೆವು. ಹಾಗೆ ಅವಳ ಗೆಳತಿಯರ ಹೆಸರೆಲ್ಲ ನನಗೆ ಬಾಯಿಪಾಠವಾಯಿತು. ನನಗೆ ಬಹಳ ಸಂತೋಷವಾಗಿತ್ತು.

ಪಂದ್ಯದ ಕೊನೇ ದಿನ. ಸ್ಯಾನ್ ರಮೋನಿನ ನಮ್ಮ ಸುತ್ತಮುತ್ತಲ ಕನ್ನಡದ ಮನೆಗಳವರೆಲ್ಲ ಸೇರಿ ಸಭಾಂಗಣವೊಂದರಲ್ಲಿ ಹಬ್ಬದೂಟ ಇಟ್ಟುಕೊಂಡಿದ್ದರು. ಅರವತ್ತು ಜನರಿಗೆ ಬಿಸಿಬೇಳೆ ಭಾತು ನಮ್ಮ ಪಾಲಿನದು. ರಂಗೋಲಿ ಹಾಕಲು ಹೆಂಡತಿ, ಅತ್ತೆ, ಮಗಳು ಮೊದಲೇ ಹೋದರು. ಎರಡು ದೊಡ್ಡ ಪಾತ್ರೆ ಭಾತು ನನ್ನ ಕಾರಿನ ಡಿಕ್ಕಿಯಲ್ಲಿ. ಹನ್ನೆರಡೂವರೆಗೆ ನಾನು ಅಲ್ಲಿರಬೇಕು.

ದಾರಿಯಲ್ಲಿ ಫೋನು ಬಡಿದುಕೊಂಡಿತು. ಎಣಿಸಿದೆ: ಮೂರು. ಸರಿ, ಮೇಲೆ ಉದುರಿಸಲು ಬೇಕಾಗಿರುತ್ತದೆ ಅಂತ ಗ್ರೋಸರಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಒಂದು ಕಟ್ಟು ತೆಗೆದುಕೊಂಡೆ. ಬಿಲ್ಲಿನ ಸಾಲಿನಲ್ಲಿದ್ದಾಗ ಮತ್ತೆ ಮೂರು. ಇನ್ನೊಂದು ಕಟ್ಟು. ಮತ್ತೆ ಮೂರು. ಅರವತ್ತು ಜನ ಅಲ್ಲವೇ, ನ್ಯಾಯವೇ ಅಂದುಕೊಂಡೆ. ಐದನೇ ಸಲಕ್ಕೆ, ಇವಳು ಚಟ್ನಿಯನ್ನೂ ಮಾಡುವ ಹಾಗಿದೆ ಅನ್ನಿಸಿತು. ಎಂಟನೇ ಸಲಕ್ಕೆ ಸಿಟ್ಟು ಬಂತು. ಒಂದೇ ಸಲ ಹೇಳುವುದಕ್ಕೇನು? ಹನ್ನೊಂದನೆಯ ಕಟ್ಟಿಗೆ ಬುಟ್ಟಿ ಖಾಲಿಯಾಗಿ, ಒಳಗಿನಿಂದ ತರಿಸಿದೆ.

ಅಂಗಡಿಯ ಯಜಮಾನರು ಹುಬ್ಬಳ್ಳಿಯ ಸಾಹೇಬರು, ನಮ್ಮನ್ನೆಲ್ಲ ಬಲ್ಲವರು. ತಮ್ಮ ಸ್ಮಾರ್ಟ್‌ಫೋನು ಹಿಡಿದುಕೊಂಡು ಓಡಿ ಬಂದರು. "ಸರ, ನಿಮ್ಮ ಮನಿಯವರ್ರಿ. ವಿಡಿಯೋದಾಗ ಅದಾರ. ಹಿಡೀರಿ, ಹಿಡೀರಿ!"

ಹಿಡಿಯಲು ಕೈ ಚಾಚಿದೆ. ಪರದೆಯ ತುಂಬ ಅತ್ತೆಯ ಮುಖ. "ಅಳಿಯಂದಿರ, ಮುಟ್ಟಬ್ಯಾಡ್ರಿ! ದೀಪ ಹಚ್ಚಲಿಕ್ಕ ಇನ್ನೂ ಐದು ತಾಸು ಅದ!"

ಹಿಂದಿನಿಂದ ಹೆಂಡತಿಯ ಧಾರವಾಡ: "ಭಾತು ಎಲ್ಲೆ ಅದರೀ? ಮಂದಿ ಎಲಿ ಮುಂದ ಕೂತು ಅರ್ಧ ತಾಸಾತು! ಫೋನ್ ಎತ್ತಲಿಕ್ಕ ಏನಾಗೇದ ನಿಮಗ?"

"ಎತ್ತಿದ್ರೆ ಅದು ಮಿಸ್ಡ್ ಕಾಲ್ ಹೇಗಾಗುತ್ತೆ?" ಅಂದೆ, ಎರಡೂ ಕೈಯಲ್ಲಿ ಕೊತ್ತಂಬರಿ ಅವುಚಿಕೊಂಡು.

"ಅದು ಮಿಸ್ಡ್ ಕಾಲ್ ಅಲ್ಲರೀ, ಖರೇ ಕಾಲು!"

ಆಗ ಹೊಳೆಯಿತು. ನನ್ನ ನಂಬರಿನಲ್ಲಿ ಮೂರು ರಿಂಗಾದ ಮೇಲೆ ಕರೆ, ಮಾತು ರೆಕಾರ್ಡಾಗುವ ವಾಯ್ಸ್‌ಮೇಲಿಗೆ ಹೋಗುತ್ತದೆ. ಪ್ರಾಣ ಹೋಗುತ್ತಿದೆ ಬಾ ಅಂತ ಯಾರಾದರೂ ಕರೆದರೂ ನನಗೆ ಅದು ಕೊತ್ತಂಬರಿಯೇ. ಆವತ್ತು ವಾಯ್ಸ್‌ಮೇಲಿನಲ್ಲಿ ಹೆಂಡತಿ ಏನೇನು ಹೇಳಿದ್ದಾಳೋ, ಇವತ್ತಿಗೂ ಕೇಳುವ ಧೈರ್ಯ ಮಾಡಿಲ್ಲ.

ಸಭಾಂಗಣಕ್ಕೆ ಹೋದಾಗ ಅರವತ್ತು ಜೊತೆ ಕಣ್ಣು ನನ್ನ ಮೇಲೆ. ಭಾತು ಬಡಿಸಿದ ಮೇಲೆ ಉಳಿದ ಹತ್ತು ಕಟ್ಟಿಗೆ ಅತ್ತೆಯೇ ದಾರಿ ಹುಡುಕಿದರು. ಮುತ್ತೈದೆಯರಿಗೆ ಅರಿಸಿನ ಕುಂಕುಮದ ಜೊತೆ ಒಂದೊಂದು ಕಟ್ಟು ಕೊಟ್ಟರು. ಮೊದಲನೆಯದು ಸೋಫಾದ ಮೇಲಿನ ಲಕ್ಷ್ಮಿಗೆ ಸಂದಿತು.

ಗೆದ್ದವನು

ಸಂಜೆ ದೀಪ ಹಚ್ಚಿದರು. ಅತ್ತೆ ಸೂಟ್‌ಕೇಸಿನ ಬೀಗ ತೆಗೆದು, ನನ್ನ ಹಳೇ ಫೋನಿಗೆ ಕುಂಕುಮ ಇಟ್ಟು, "ಅಳಿಯಂದಿರು ಗೆದ್ದ್ರು," ಅಂತ ಘೋಷಿಸಿದರು. ಮಗಳು ಅಳುತ್ತಾಳೇನೋ ಅಂದುಕೊಂಡೆ. ಅವಳು ನಗುತ್ತಾ ಬಂದು ಕೈಚಾಚಿದಳು.

"ಅಪ್ಪಾ, ಯು ವನ್. ಸೋ ನೋ ಸ್ಮಾರ್ಟ್‌ಫೋನ್. ಈಗ ಆ ಫ್ಲಿಪ್ ಫೋನ್ ನಂಗೆ ಕೊಡು. ಇದಕ್ಕಿಂತ ಇನ್ನೇನು ಬೇಕು ಅಂತ ನೀನೇ ಎವ್ರಿ ಡೇ ಹೇಳ್ತಿದ್ಯಲ್ಲ?"

ಸ್ಕೂಲಿನಲ್ಲಿ ಅದು ಈಗ ಭಾರೀ ಫ್ಯಾಶನ್ನಂತೆ. ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ನಾನೇ. ಟಪ್ ಅನ್ನುವ ನನ್ನ ಫೋನು ಹೋಯಿತು. ನನ್ನ ಕೈಗೆ ಬಂದದ್ದು ಮೂರು ತಿಂಗಳ ಶುಭೋದಯಗಳು ತುಂಬಿಕೊಂಡಿದ್ದ ಸ್ಮಾರ್ಟ್‌ಫೋನು. ಅದರಲ್ಲಿ ಹೆಚ್ಚಿನವು ಅತ್ತೆ ಪಕ್ಕದ ರೂಮಿನಿಂದ ಕಳಿಸಿದ್ದವು.

ಮೊನ್ನೆ ಮಧ್ಯಾಹ್ನ ಮೀಟಿಂಗಿನಲ್ಲಿದ್ದೆ. ಜೇಬಿನೊಳಗೆ ಫೋನು ನಡುಗಿತು. ಯಾರದು ಅಂತ ನೋಡಲಿಲ್ಲ. ಅಭ್ಯಾಸಬಲ, ಎಣಿಸಿದೆ ಅಷ್ಟೆ. ಮೂರು. ಸ್ವಲ್ಪ ಹೊತ್ತಿಗೆ ಮತ್ತೆ ಮೂರು.

ಸಂಜೆ ಎರಡು ಕಟ್ಟು, ಅದೂ ಎಳೆಯದನ್ನೇ ಆರಿಸಿ, ಮನೆಗೆ ಬಂದೆ. ಹೆಂಡತಿ ಬಾಗಿಲು ತೆಗೆದು ನನ್ನ ಕೈ ನೋಡಿದಳು. ಹಿಂದೆ ಇಣುಕಿ ಕಾರು ನೋಡಿದಳು. ಮತ್ತೆ ಕೈ ನೋಡಿದಳು.

"ಕೊತ್ತಂಬರಿ ಬಂತು," ಅಂದಳು. "ಸ್ಕೂಲಿಂದ ಕರಕೊಂಡು ಬರಬೇಕಿದ್ದ ಮಗಳು ಎಲ್ಲೆರೀ?"