ಸಮುದ್ರದ ತಳಕ್ಕೆ ಖಾನಾಪುರದ ದಾರಿ

ಶುಕ್ರವಾರ ಬೆಳಿಗ್ಗೆ ಕಲ್ಮೇಶ ಹಲ್ಲುಜ್ಜುತ್ತಿದ್ದಾಗ ಮುರುಡೇಶ್ವರದಿಂದ ಅವನ ಮೊಬೈಲಿಗೆ ಒಂದು ಸಂದೇಶ ಬಂತು.

‘ಸಮುದ್ರದಲ್ಲಿ ವಾಯುಭಾರ ಕುಸಿತ ಆಗಬಹುದು, ಆಗದೆಯೂ ಇರಬಹುದು. ಭಾನುವಾರದ ಸ್ಕೂಬಾ ಡೈವಿಂಗ್‌ಗೆ ನೀವು ಬರುವಿರೋ ಇಲ್ಲವೋ ಇಂದು ಸಂಜೆ ಐದರೊಳಗೆ ತಿಳಿಸಿ. ಈಗಾಗಲೇ ಒಮ್ಮೆ ದಿನ ಬದಲಿಸಿರುವುದರಿಂದ ಮತ್ತೆ ಬದಲಿಸಲು ಅವಕಾಶವಿಲ್ಲ.’

ಕಲ್ಮೇಶ ಪೇಸ್ಟ್ ನುಂಗಿಬಿಟ್ಟ.

ಅವನಿಗೆ ಈಜು ಬರುತ್ತಿರಲಿಲ್ಲ. ಹುಡುಗನಾಗಿದ್ದಾಗ ಖಾನಾಪುರದಲ್ಲಿ ಅಕ್ಕ ಮಾಯಕ್ಕ ಮಲಪ್ರಭೆಯ ಮಡುವಿಗೆ ಧುಮುಕುತ್ತಿದ್ದರೆ, ಇವನು ದಂಡೆಯಲ್ಲಿ ಕುಳಿತು ಅವಳ ಚಪ್ಪಲಿ ಕಾಯುತ್ತಿದ್ದ. ‘ಈಜು ಬಾರದವರೂ ಬರಬಹುದು, ಕೈಹಿಡಿದು ಸಮುದ್ರದ ತಳ ತೋರಿಸುತ್ತೇವೆ’ ಎಂಬ ಜಾಹೀರಾತು ನೋಡಿದ ದಿನದಿಂದ ಅವನ ತಲೆಯಲ್ಲಿ ಮೀನುಗಳು ಓಡಾಡತೊಡಗಿದ್ದವು. ಒಂದು ವರ್ಷದಿಂದ ಆಫೀಸಿನಲ್ಲಿ, ಓಣಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ ಅದೇ ಮಾತು. ಜೈಲಿಗೆ ಹೆಸರಾದ ಹಿಂಡಲಗಾದಲ್ಲಿ ಮನೆ ಮಾಡಿದವನು ಆರು ದಿನದ ರಜೆ ಕೇಳಿದಾಗ ಹೆಡ್ ಕ್ಲಾರ್ಕ್, “ಪೆರೋಲ್ ಮ್ಯಾಲೆ ಹೊಂಟೀ ಏನು?” ಎಂದು ಇಡೀ ಸೆಕ್ಷನ್ನನ್ನು ನಗಿಸಿದ್ದರು. ಅಂಥ ರಜೆ ಮಂಜೂರಾಗಿತ್ತು. ಹೆಂಡತಿ ಪ್ರಮಿಳಾ ಟೀಚರು. ಅವಳ ಶಾಲೆಗೆ ದಸರಾ ರಜೆ. ಬ್ಯಾಗುಗಳು ತುಂಬಿ ಬಾಗಿಲಲ್ಲಿ ನಿಂತಿದ್ದವು. ಈಗ ಆಕಾಶವೊಂದೇ ಹೂಂ ಅನ್ನಬೇಕಿತ್ತು.

ಆಫೀಸಿನಲ್ಲಿ ಪಕ್ಕದ ಟೇಬಲ್ಲಿನ ಮಧುಕರ ತನ್ನ ಮೊಬೈಲು ತೆಗೆದ. ಅವನಲ್ಲಿ ಹವಾಮಾನದ ಆ್ಯಪುಗಳೇ ಮೂರಿದ್ದವು.

“ಇದರಾಗ ನೋಡು, ಭಾನುವಾರ ಸ್ವಚ್ಛ ಬಿಸಲು,” ಎಂದ.

ಕಲ್ಮೇಶನ ಮುಖ ಅರಳಿತು.

“ಇದರಾಗ ನೋಡು, ಭಾರೀ ಮಳಿ.”

ಅರಳಿದ್ದು ಬಾಡಿತು. ಮೂರನೆಯ ಆ್ಯಪಿನಲ್ಲಿ ಸೂರ್ಯ, ಮೋಡ, ಹನಿ, ಮಿಂಚು ನಾಲ್ಕೂ ಸೀಟು ಸಿಗದ ಪ್ರಯಾಣಿಕರ ಹಾಗೆ ಒಂದೇ ಚೌಕದಲ್ಲಿ ಒತ್ತಿಕೊಂಡು ನಿಂತಿದ್ದವು.

“ಖರೇ ಯಾವುದೋ ಮಾರಾಯಾ?”

“ಮೂರೂ ಖರೇನ ಇರತಾವ,” ಎಂದ ಮಧುಕರ ಗಂಭೀರವಾಗಿ. “ಯಾವ ಊರಿಗೆ ಅನ್ನೂದಷ್ಟ ಪ್ರಶ್ನಾ.”

ಊಟಕ್ಕೆ ಮನೆಗೆ ಬಂದರೆ ಗೇಟಿನಲ್ಲಿ ಬಾಜೂಮನೆಯ ಬಸಯ್ಯನವರು ಪಂಚಾಂಗ ಹಿಡಿದು ನಿಂತಿದ್ದರು. ನಿವೃತ್ತ ಮಾಸ್ತರರು. ಪ್ರಮಿಳಾ ಬಟ್ಟೆ ಒಣಹಾಕುವಾಗ ಬಾಯಿತಪ್ಪಿ ವಿಷಯ ಹೇಳಿದ್ದೇ ಸಾಕಾಗಿತ್ತು.

“ತಮ್ಮಾ, ಈಗ ನಡದದ್ದು ಚಿತ್ತಿ ಮಳಿ. ಚಿತ್ತಿ ಕುರುಡು. ಎಲ್ಲಿ ಬೀಳತೈತಿ ಅನ್ನೂದು ಅದಕ್ಕ ಗೊತ್ತಿರೂದಿಲ್ಲ.”

“ಹಂಗಾರ ಹೋಗೂದು ಬ್ಯಾಡೇನ್ರಿ ಸರ?”

“ಹೋಗಬ್ಯಾಡ ಅಂತ ನಾ ಎಲ್ಲಿ ಅಂದ್ನಿ? ಮಳಿ ಬಂದ್ರೂ ಬರಬಹುದು ಅಂದ್ನಿ. ಬರದಿದ್ರ ಮತ್ತ ನನ್ನ ಬೈಬ್ಯಾಡ.”

ಒಳಗೆ ಪ್ರಮಿಳಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದಳು: “ಏನ್ರೀ, ಊರ ಮಂದಿನ್ನ ಕೇಳೂದು ಬಿಡ್ರಿ. ಅಕ್ಕಾರನ್ನ ಕೇಳ್ರಿ. ಅವ್ರು ಹೇಳಿದ್ದು ಎಂದಾರ ತಪ್ಪೈತೇನು?”

ಕಲ್ಮೇಶ ಹಣೆ ಚಚ್ಚಿಕೊಂಡ. ಮಾಯಕ್ಕ! ನಲವತ್ತು ವರ್ಷದಿಂದ ಕುರಿ ಕಾಯುವವಳು. ಅವಳು ಕಂಬಳಿ ಹೆಗಲಿಗೇರಿಸಿದರೆ ಖಾನಾಪುರದ ಹೆಂಗಸರು ಒಣಹಾಕಿದ ಹಪ್ಪಳ ಒಳಗೆ ತರುತ್ತಿದ್ದರು. ಕಲ್ಮೇಶ ಫೋನು ಹಚ್ಚಿದ. ಎತ್ತಿದವನು ಅಕ್ಕನ ಗಂಡ, ಮಾವ ಬಂಡೆಪ್ಪ.

“ನಿಮ್ಮಕ್ಕ ಕುರಿ ಹೊಡಕೊಂಡು ಹೊಳಿ ಕಡೆ ಹೋಗ್ಯಾಳ. ಫೋನು ಮನ್ಯಾಗ ಐತಿ. ಅದಕ್ಕ ನಾ ಎತ್ತೇನಿ.”

ಕಾರು ಪ್ರವಾಸಕ್ಕೆಂದೇ ಸರ್ವಿಸಿಗೆ ಹೋಗಿತ್ತು. ಕಲ್ಮೇಶ ಅರ್ಧ ದಿನದ ರಜೆ ಹಾಕಿ ಸ್ಕೂಟರ್ ಏರಿದ. ರೇನ್‌ಕೋಟು ತಗೊಳ್ರಿ ಎಂದು ಪ್ರಮಿಳಾ ಕೂಗಿದಾಗ ಅವನು ತಿರುವು ದಾಟಿಯಾಗಿತ್ತು.

ದೇಸೂರಿನ ಹತ್ತಿರ ಮೊದಲ ಮಳೆ ಹಿಡಿಯಿತು. ಐದು ನಿಮಿಷ ಚೆನ್ನಾಗಿ ತೋಯಿಸಿ ಬಿಟ್ಟಿತು. ಆಮೇಲೆ ಸುಡುಬಿಸಿಲು. ಅಂಗಿ ಒಣಗಿ ಇನ್ನೇನು ಗರಿಗರಿಯಾಗಬೇಕು ಅನ್ನುವಷ್ಟರಲ್ಲಿ ಎರಡನೆಯ ಮಳೆ. ಅದೂ ಬಿಟ್ಟಿತು. ಮತ್ತೆ ಬಿಸಿಲು. ಬಸಯ್ಯನವರ ಕುರುಡು ಚಿತ್ತಿಗೆ ಜಗತ್ತಿನಲ್ಲಿ ಕಲ್ಮೇಶನೊಬ್ಬ ಮಾತ್ರ ಸರಿಯಾಗಿ ಕಾಣುತ್ತಿದ್ದಂತಿತ್ತು. ಅಗಸರು ಹಿಂಡಿದ ಪಂಚೆಯಂತಾಗಿ ಅವನು ಹೊಳೆದಂಡೆಯುದ್ದಕ್ಕೂ ಹುಡುಕಿ ಅಕ್ಕನನ್ನು ಕಂಡಾಗ ನಾಲ್ಕೂಮುಕ್ಕಾಲು.

ಮಾಯಕ್ಕ ಕಂಬಳಿ ಹಾಸಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಸುತ್ತ ಅರವತ್ತು ಕುರಿ ಮೇಯುತ್ತಿದ್ದವು.

“ಏನಲೇ ಕಲ್ಲ್ಯಾ, ಹೊಳ್ಯಾಗ ಬಿದ್ದಿದ್ದ್ಯೇನು?”

“ಇಲ್ಲಕ್ಕಾ, ದಾರ್ಯಾಗ. ಭಾನುವಾರ ಸಮುದ್ರದಾಗ ಮಳಿ ಆಕ್ಕೈತೋ ಇಲ್ಲೋ ಲಗೂನ ಹೇಳು!”

ಮಾಯಕ್ಕ ಎದ್ದು ನಿಂತಳು. ಆಕಾಶ ನೋಡಿದಳು. ಒಂದು ಹಿಡಿ ಹುಲ್ಲು ಕಿತ್ತು ಗಾಳಿಗೆ ತೂರಿದಳು. ಕಾಲ ಬಳಿಯ ಇರುವೆ ಗೂಡನ್ನು ಬಗ್ಗಿ ನೋಡಿದಳು. ಕಲ್ಮೇಶ ರಿಸಲ್ಟಿಗೆ ಕಾಯುವ ಹುಡುಗನಂತೆ ಉಸಿರು ಬಿಗಿಹಿಡಿದ.

“ಮೂಡಣ ಗಾಳಿ ಬಿಟ್ಟೈತಿ. ಇನ್ನ ಎಂಟ ದಿನ ಒಂದ ಹನಿನೂ ಬೀಳಂಗಿಲ್ಲ, ಹೋಗು.”

ಅಷ್ಟರಲ್ಲಿ ಟಪಟಪ ಎಂದು ಮೂರನೆಯ ಮಳೆ ಶುರುವಾಯಿತು.

“ಅಕ್ಕಾ!”

“ಇದು ಹಳೇದಲೇ. ಉಳದಿದ್ದನ್ನ ಖಾಲಿ ಮಾಡಾಕತ್ತೈತಿ,” ಎಂದು ಮಾಯಕ್ಕ ಕಂಬಳಿ ಹೊದ್ದುಕೊಂಡಳು.

ಹೊಳೆದಂಡೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗಲಿಲ್ಲ. ಅಕ್ಕ ತೋರಿಸಿದ ದಿನ್ನೆಯತ್ತ ಕಲ್ಮೇಶ ಓಡಿದ. ಕೆಸರಿನಲ್ಲಿ ಜಾರಿದ, ಎದ್ದ, ಚಪ್ಪಲಿ ಬಿಟ್ಟು ಓಡಿದ. ಐದಕ್ಕೆ ಎರಡು ನಿಮಿಷ ಇದ್ದಾಗ ಮುರುಡೇಶ್ವರಕ್ಕೆ ಫೋನು ಹತ್ತಿತು. “ಬರತೇವ್ರೀ! ಪಕ್ಕಾ ಬರತೇವಿ!” ಎಂದು ಅವನು ಕೂಗಿದ ಸದ್ದಿಗೆ ಕೆಳಗಿನ ಕುರಿಗಳು ಮೇಯುವುದನ್ನು ಬಿಟ್ಟು ತಲೆಯೆತ್ತಿದವು. ಯುದ್ಧ ಗೆದ್ದ ಸರದಾರನ ಹಾಗೆ ಕಲ್ಮೇಶ ಮಳೆಯಲ್ಲಿ ಎರಡೂ ಕೈ ಎತ್ತಿ ನಿಂತ. ಮಳೆ ನಿಂತಿತು.

ಕೆಳಗಿಳಿದು ಬಂದಾಗ ಮಾಯಕ್ಕ ಹೇಳಿದಳು: “ನಾನೂ ಬರತೇನಿ. ಐವತ್ತೆರಡು ವರ್ಷ ಆತು, ಆಕಾಶದ ನೀರು ನೋಡೇನಿ, ಹೊಳಿ ನೀರು ನೋಡೇನಿ, ಸಮುದ್ರ ನೋಡಿಲ್ಲ. ಕುರಿನ್ನ ಸೋಮವಾರದ ತನಕಾ ನಿಮ್ಮ ಮಾವ ಕಾಯ್ತಾರ.”

ಭಾನುವಾರದ ಆಕಾಶ ತೊಳೆದಿಟ್ಟ ತಾಮ್ರದ ಕೊಡದಂತೆ ಹೊಳೆಯುತ್ತಿತ್ತು. ಸಮುದ್ರ ಗಂಗಾಳದಲ್ಲಿಟ್ಟ ನೀರಿನ ಹಾಗೆ ಸುಮ್ಮನಿತ್ತು. ಬೇರೆ ಬೇರೆ ಊರಿನ ಹತ್ತು ಮಂದಿ ಮಳೆಗೆ ಹೆದರಿ ಬಂದಿರಲಿಲ್ಲ. ದಂಡೆಯ ಮೇಲೆ ಕಲ್ಮೇಶ ಎದೆಯುಬ್ಬಿಸಿ ನಡೆದ. ಡೈವಿಂಗ್ ಕಲಿಸುವ ಅಮರ ಎಂಬ ಯುವಕ ಒಂದು ಫಾರಂ ಕೊಟ್ಟ. ‘ಹೃದಯದ ತೊಂದರೆ ಇದೆಯೆ?’ ಇಲ್ಲ. ‘ದಮ್ಮು?’ ಇಲ್ಲ. ‘ನೆಗಡಿ?’ ಇಲ್ಲ ಎಂದು ಬರೆಯಲು ಪೆನ್ನು ಊರಿದ ಕಲ್ಮೇಶನಿಗೆ ಎಂಥ ಸೀನು ಬಂತೆಂದರೆ ಫಾರಂ ಹಾರಿ ಅಮರನ ಎದೆಗೆ ಅಂಟಿಕೊಂಡಿತು.

“ಮೂಗು ಹಿಡ್ಕೊಂಡು ಮೆಲ್ಲಗೆ ಗಾಳಿ ಒತ್ತಿ ಸರ್. ಕಿವಿ ಟಪ್ ಅಂತಾ?”

ಕಲ್ಮೇಶ ಒತ್ತಿದ. ಟಪ್ ಅನ್ನಲಿಲ್ಲ. ಒಳಗೆಲ್ಲೋ ಹಳೆಯ ಬಾಗಿಲೊಂದು ಕಿರ್ ಎಂದಿತು.

“ಆಗೋದಿಲ್ಲ ಸರ್. ಮೂಗು ಕಟ್ಟಿದಾಗ ನೀರಿಗೆ ಇಳಿದ್ರೆ ಕಿವಿ ತಮಟೆಗೆ ಅಪಾಯ. ನೆಗಡಿ ಪೂರ್ತಿ ಹೋಗೋ ತನಕ ಬೇಡ.”

“ಆದ್ರ ಹವಾಮಾನ ಎಷ್ಟ ಛಲೋ ಐತ್ರಿ!”

“ಹೊರಗಿಂದು ಚೆನ್ನಾಗಿದೆ ಸರ್. ನಿಮ್ಮ ಒಳಗಿಂದು ಸರಿ ಇಲ್ಲ.”

ಮೂರು ಮಳೆಯೂ ಒಟ್ಟಿಗೆ ಬಂದು ಬಡಿದಂತಾಯಿತು. ಪ್ರಮಿಳಾ ಗಂಡನ ಮುಖ ನೋಡಿ, “ನಾನೂ ಹೋಗಂಗಿಲ್ಲ ಬಿಡ್ರಿ,” ಎಂದಳು. ಆಗ ಹಿಂದಿನಿಂದ ಮಾಯಕ್ಕನ ಧ್ವನಿ ಬಂತು: “ಅವನ ಜಾಗಾ ಖಾಲಿ ಐತೇನು ತಮ್ಮಾ? ನಾ ಇಳದ್ರ ನಡೀತೈತಿ?”

ಅಮರ ಅವಳ ಫಾರಂ ತುಂಬಿಸಿದ. ಅಲ್ಲೇ ಇದ್ದ ಡಾಕ್ಟರು ರಕ್ತದೊತ್ತಡ ನೋಡಿ ಎರಡನೆಯ ಸಲವೂ ನೋಡಿದರು. ಅದು ಅಮರನದಕ್ಕಿಂತ ಚೆನ್ನಾಗಿತ್ತು. ಕಪ್ಪು ರಬ್ಬರಿನ ಉಡುಪಿನೊಳಗೆ ಅವಳನ್ನು ತುರುಕಲು ಪ್ರಮಿಳಾ ಕಾಲು ಗಂಟೆ ಹೆಣಗಿದಳು. “ಚಂದ ಐತವ್ವಾ, ಕುರಿ ತುಪ್ಪಟ ಕತ್ತರಿಸಿದ ಮ್ಯಾಲೆ ಹಿಂಗ ಕಾಣತಾವ,” ಎಂದು ಮಾಯಕ್ಕ ತನ್ನನ್ನು ತಾನೇ ನೋಡಿಕೊಂಡು ನಕ್ಕಳು.

ದೋಣಿಯಲ್ಲಿ ಕುಳಿತ ಕಲ್ಮೇಶನ ಕಣ್ಣೆದುರಿಗೇ ಮಾಯಕ್ಕ, ಅವಳ ಜೊತೆಗೆಂದು ಮನಸ್ಸು ಬದಲಿಸಿದ ಪ್ರಮಿಳಾ ಇಬ್ಬರೂ ಅಮರನ ಕೈಹಿಡಿದು ಗುಳುಂ ಎಂದು ಮುಳುಗಿದರು. ಅವನಿಗೆ ಅಳು, ಹೆದರಿಕೆ, ಸೀನು ಮೂರೂ ಬಂದವು. ಗುಳ್ಳೆಗಳನ್ನು ಎಣಿಸುತ್ತ ಕುಳಿತ. ಇಪ್ಪತ್ತು ನಿಮಿಷದ ಮೇಲೆ ಮಾಯಕ್ಕ ಮೇಲೆದ್ದು, ಬಾಯಿಯ ಕೊಳವೆ ತೆಗೆದು, ಇಡೀ ಸಮುದ್ರಕ್ಕೆ ಕೇಳುವಂತೆ ಕೂಗಿದಳು:

“ಕಲ್ಲ್ಯಾ! ಕೆಳಗ ಮೀನಿನ ಹಿಂಡು ಐತಲೇ! ನಮ್ಮ ಕುರಿ ಹಂಗ, ಒಂದು ತಿರುಗಿದ್ರ ಎಲ್ಲಾ ತಿರುಗತಾವ! ನಾ ಕೈ ಮಾಡಿದ್ರ ನನ್ನ ಬೆನ್ನ ಹತ್ತಿದ್ವು!”

ದೋಣಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಕಲ್ಮೇಶ ಎಲ್ಲರಿಗಿಂತ ಜೋರಾಗಿ ತಟ್ಟಿದ. ಅವನಿಗೇ ಆಶ್ಚರ್ಯವಾಗುವಂತೆ, ಎದೆ ನಿಜವಾಗಿಯೂ ಉಬ್ಬಿ ಬಂದಿತ್ತು.

“ಇವರು ಹುಟ್ಟಾ ಡೈವರ್ ಸರ್,” ಎಂದ ಅಮರ ತಲೆ ಒರೆಸಿಕೊಳ್ಳುತ್ತ. “ನಾಲ್ಕು ದಿನದ ಕೋರ್ಸ್ ಇದೆ. ಮಂಗಳವಾರ ಶುರು. ಮುಗಿಸಿದ್ರೆ ಸರ್ಟಿಫಿಕೇಟ್ ಸಿಗುತ್ತೆ.”

“ಬರಿಯೂದು ಓದೂದು ನಾ ಹೇಳಿಕೊಡತೇನಿ ಅಕ್ಕಾರ,” ಎಂದಳು ಪ್ರಮಿಳಾ. “ನಾನೂ ಸೇರತೇನಿ. ಸಾಲಿ ಹೆಂಗೂ ಸೂಟಿ ಐತಿ.”

“ಕುರಿ?” ಎಂದಳು ಮಾಯಕ್ಕ. “ಮಂಗಳವಾರ ನಮ್ಮನಿಯವ್ರು ತಮ್ಮನ ಮಗಗ ಹೆಣ್ಣು ನೋಡಾಕ ನಂದಗಡಕ್ಕ ಹೋಗವ್ರದಾರ.”

ಇಬ್ಬರೂ ಹೆಂಗಸರು ನಿಧಾನವಾಗಿ ಕಲ್ಮೇಶನ ಕಡೆ ತಿರುಗಿದರು.

ಮಂಗಳವಾರ ಮಧ್ಯಾಹ್ನ ಖಾನಾಪುರದ ದಿನ್ನೆಯ ಮೇಲೆ, ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು ಹಿಡಿದು ನಿಂತಿದ್ದ ಕಲ್ಮೇಶನ ಫೋನು ಬಡಿದುಕೊಂಡಿತು. ಮಧುಕರ.

“ಏನಪಾ, ಸಮುದ್ರದಾಗ ಅದಿ ಏನು?”

“ನಮ್ಮವ್ರು ಈಗ ನೀರಿನ್ಯಾಗ ಅದಾರ,” ಎಂದ ಕಲ್ಮೇಶ ಹೆಮ್ಮೆಯಿಂದ. “ನಮ್ಮಕ್ಕ ಎಲ್ಲಾರಿಗಿಂತ ಮುಂದ ಅದಾಳಂತ.”

“ಭಲೇ! ಮತ್ತ ನೀ?”

“ನಾ... ನಾ ಮ್ಯಾಲ ಅದೇನಿ. ಇಲ್ಲಿ ಒಂದ ಜವಾಬ್ದಾರಿ ಐತಿ.”

“ಮ್ಯಾಲಂದ್ರ? ದೋಣ್ಯಾಗೇನು? ಒಬ್ಬನ ಅದಿ ಏನು?”

ಕಲ್ಮೇಶ ಬಾಯಿ ತೆರೆಯುವ ಮೊದಲೇ ಅವನ ಮೊಣಕಾಲಿನ ಹತ್ತಿರದಿಂದ ಯಾರೋ ಫೋನಿನತ್ತ ಮುಖ ಎತ್ತಿ, ಬಹಳ ಸ್ಪಷ್ಟವಾಗಿ, “ಬ್ಯಾ...” ಎಂದಿತು.