ಎರೆಗೊಂದು ಟೈರು, ಮಸಾರಿಗೊಂದು ಟೈರು

ನನ್ನ ಸೋದರತ್ತೆಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಅವರ ಊರಿನ ಮಣ್ಣು ನೆನಪಿರುತ್ತದೆ. ನಂಬುವುದಿಲ್ಲವೇ? ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಎದುರಾಗಿ ಕೈಮುಗಿದರೆ ‘ಯಾರ್ರೀ ನೀವು?’ ಎನ್ನುತ್ತಾಳೆ. ಅವರು ಪಾಪ ಮುಖ ಸಣ್ಣ ಮಾಡಿ ತಮ್ಮ ಊರಿನ ಹೆಸರು ಹೇಳುತ್ತಾರೆ. ಆಗ ಅತ್ತೆಯ ಮುಖ ಅರಳುತ್ತದೆ. ‘ಓ, ಗೊತ್ತಾತು ಬಿಡ್ರಿ. ಹಳ್ಳದ ದಂಡಿಗೆ ಉಸುಗು, ಅಲ್ಲಿಂದ ಊರ ಮಟ ಗರಸು’ ಎನ್ನುತ್ತಾಳೆ. ಆ ಮನುಷ್ಯರು ಅವಳು ತಮ್ಮನ್ನು ಗುರುತಿಸಿದಳೋ ಇಲ್ಲವೋ ತಿಳಿಯದೆ ಹೋಗುತ್ತಾರೆ.

ನನ್ನನ್ನು ನೋಡಲು ಸಿಂಧನೂರಿನಿಂದ ಗಂಡಿನ ಕಡೆಯವರು ಮಸ್ಕಿಯ ನಮ್ಮ ಮನೆಗೆ ಬಂದ ದಿನವೂ ಹೀಗೇ ಆಯಿತು. ಅಪ್ಪ ಹುಡುಗನ ರೈಸ್‌ಮಿಲ್ಲಿನ ವಿಚಾರ ಕೇಳಿದರು, ಅವ್ವ ಅವರ ಮನೆದೇವರು ಯಾವುದೆಂದು ಕೇಳಿದಳು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

‘ಬೀಗರ, ನಿಮ್ಮ ಮನಿಗೆ ಬರೋ ದಾರಿ ಎರಿಯೋ, ಮಸಾರಿಯೋ?’

ಎರೆ ಎಂದರೆ ಕಪ್ಪು ಮಣ್ಣು, ಮಸಾರಿ ಎಂದರೆ ಕೆಂಪು. ಗಂಡಿನ ತಂದೆ ಇದು ಜಮೀನಿನ ವಿಚಾರ ಎಂದುಕೊಂಡರು. ಮೀಸೆ ಸವರಿಕೊಂಡು, ‘ಎಲ್ಲಾ ಎರಿನೇ ರೀ ತಂಗೆಮ್ಮ. ಕಾಲುವಿ ನೀರು. ವರ್ಷಕ್ಕ ಎರಡು ಬೆಳಿ’ ಎಂದರು.

ಅತ್ತೆಯ ಮುಖ ಬಾಡಿತು. ನನ್ನ ಕಡೆ ತಿರುಗಿ, ‘ಮಳಿಗಾಲದಾಗ ನಿನ್ನ ನೋಡಾಕ ಬರೋದು ಕಷ್ಟ ಐತಿ ತಂಗಿ’ ಎಂದಳು.

ಅತ್ತೆ ಲಿಂಗಸುಗೂರಿನ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಮದುವೆಯಾಗಲಿಲ್ಲ, ಏಕೆಂದು ಕೇಳುವ ಧೈರ್ಯವನ್ನು ಯಾರೂ ಮಾಡಲಿಲ್ಲ, ಅವಳ ಕೊರಳಲ್ಲಿ ಯಾವಾಗಲೂ ಸೀಟಿ ಇರುತ್ತಿತ್ತು. ನಿವೃತ್ತಿಯಾದ ಮೇಲೆ ಅವಳ ಜತೆಯ ಟೀಚರುಗಳು ಭಜನಾ ಮಂಡಳಿ ಸೇರಿದರು, ಮೊಮ್ಮಕ್ಕಳ ಹಿಂದೆ ಓಡಾಡಿದರು. ಅತ್ತೆ ರಾಯಚೂರಿಗೆ ಹೋಗಿ ಗುಡ್ಡ ಹತ್ತುವ ಗೇರ್ ಸೈಕಲ್ ತಂದಳು. ಹಣೆಗೆ ವಿಭೂತಿ, ತಲೆಗೆ ಹೆಲ್ಮೆಟ್, ಚೂಡಿದಾರದ ಕೆಳಗೆ ಶಾಲೆಯ ಕಾಲದ ಬಿಳಿ ಬೂಟು. ಲಿಂಗಸುಗೂರಿನ ಮಂದಿ ಸ್ವಲ್ಪ ದಿನ ನಿಂತು ನೋಡಿದರು, ಆಮೇಲೆ ಬಿಟ್ಟರು. ನಾಯಿಗಳು ಮಾತ್ರ ಬಿಡಲಿಲ್ಲ.

ಅದಕ್ಕೆ ಕಾರಣ ಟೈರು ಎಂದು ಕಂಡುಹಿಡಿದವಳು ಅತ್ತೆಯೇ. ಸೈಕಲ್ ಜತೆ ಬಂದ ಟೈರುಗಳಿಗೆ ದಪ್ಪ ದಪ್ಪ ಹಲ್ಲುಗಳಿದ್ದವು. ಹೊರಗಿನ ಆ ರಬ್ಬರ್ ಗುಬುಟುಗಳಿಗೆ ಅತ್ತೆ ಹಲ್ಲು ಎಂದೇ ಹೇಳುವುದು. ಡಾಂಬರಿನ ಮೇಲೆ ಆ ಹಲ್ಲುಗಳು ಗುಂಯ್ ಎಂದು ಗುರುಗುಡುತ್ತಿದ್ದವು. ನಾಯಿಗಳಿಗೆ ಅದು ಕರೆದಂತೆ ಕೇಳುತ್ತಿತ್ತು. ಅತ್ತೆ ಹಿಂದಿನ ಗಾಲಿಗೆ ಒತ್ತೊತ್ತಾದ ಗಿಡ್ಡ ಹಲ್ಲಿನ ಟೈರು ಹಾಕಿಸಿದಳು, ಮುಂದಿನದನ್ನು ಹಾಗೇ ಇಟ್ಟಳು. ‘ಹಿಂದಿನ ಗಾಲಿ ಓಡಬೇಕು, ಮುಂದಿನ ಗಾಲಿ ನೆಲ ಹಿಡೀಬೇಕು’ ಎಂಬುದು ಅವಳ ಸಿದ್ಧಾಂತ. ನಮ್ಮವ್ವ ಸೈಕಲ್ಲಿನ ಸುತ್ತ ಒಮ್ಮೆ ತಿರುಗಿ ನೋಡಿದಳು. ಒಳಗೆ ಬಂದು ನನ್ನ ಕಿವಿಯಲ್ಲಿ, ‘ಪಾಪ, ಜೋಡಿ ಸಿಕ್ಕಿಲ್ಲ ಕಾಣತೈತಿ. ಒಂದು ಕಾಲಿಗೆ ಚಪ್ಪಲ್, ಒಂದು ಕಾಲಿಗೆ ಬೂಟು ಹಾಕ್ಕೊಂಡು ಬಂದಂಗ ಬಂದಾಳ’ ಎಂದಳು.

ಎಲ್ಲರಿಗೂ ಒಂದೇ ಟೈರು ನಡೆಯುವುದಿಲ್ಲವಂತೆ. ನೆಲ ನೋಡಬೇಕು, ಆಮೇಲೆ ಮನುಷ್ಯನನ್ನು ನೋಡಬೇಕು. ನನ್ನ ಗಂಡನಿಗೆ ಒಮ್ಮೆ ಸೈಕಲ್ ಕೊಳ್ಳುವ ಹುಕಿ ಬಂತು. ಹೊಟ್ಟೆ ಕರಗಿಸಲಿಕ್ಕೆ. ಅತ್ತೆಯ ಸಲಹೆ ಕೇಳಿದ.

‘ಅಳಿಯಂದ್ರ, ಸೈಕಲ್ ಹೆಂಗ ಹೊಡೀತೀರಿ?’

‘ಹೆಂಗಂದ್ರ? ಕುಂತು ಹೊಡೀತೀನ್ರಿ.’

‘ಹಂಗಲ್ಲ. ತಿರುವಿನ್ಯಾಗ ಬಗ್ಗಿ ಹೋಗೋರಿಗೆ ಬದಿ ಹಲ್ಲು ಗಟ್ಟಿ ಇರಬೇಕು. ಇಳಿಜಾರಿನ್ಯಾಗ ಧೈರ್ಯಲೇ ಇಳಿಯೋರಿಗೆ ಅಗಲ ಟೈರು ಬೇಕು. ದೂರ ಹೋಗೋರಿಗೆ ಹಗುರ ಇರಬೇಕು. ನೀವು ಯಾವ ಪೈಕಿ?’

ಗಂಡ ಯೋಚಿಸಿ, ‘ನಮ್ಮ ಓಣಿಯಿಂದ ಮಿಲ್ ತನಕ ರೀ. ಡಾಂಬರ್ ಐತಿ. ಬಿಸಿಲಿದ್ರ ಕಾರಿನ್ಯಾಗ ಹೋಗ್ತೀನಿ’ ಎಂದ.

‘ಹಂಗಾದ್ರ ನಿಮಗ ಟೈರ್ ಬ್ಯಾಡ, ಚಪ್ಪಲ್ ಸಾಕು’ ಎಂದಳು ಅತ್ತೆ. ಸೈಕಲ್ಲಿನ ಮಾತು ಅಲ್ಲಿಗೇ ಮುಗಿಯಿತು. ಹೊಟ್ಟೆ ಈಗಲೂ ಇದೆ.

ಇಷ್ಟು ತಿಳಿದವಳು ತಾನೇ ಎಡವಲಿಲ್ಲವೇ? ಎಡವಿದಳು. ಸಿಂಧನೂರಿನಲ್ಲಿ ನನ್ನ ಸೀಮಂತದ ಕುಬಸ ಇಟ್ಟುಕೊಂಡಿದ್ದರು. ಹಿಂದಿನ ದಿನ ಜೋರು ಮಳೆಯಾಗಿತ್ತು. ಅಗಲ ಟೈರಾದರೆ ಕೆಸರಿನ ಮೇಲೆ ತೇಲಿಕೊಂಡು ಹೋಗುತ್ತದೆ ಎಂದು ಲೆಕ್ಕ ಹಾಕಿ, ಅತ್ತೆ ತನ್ನ ಬಳಿಯಿದ್ದ ಅತ್ಯಂತ ಅಗಲದ ಜೋಡಿ ಹಾಕಿಕೊಂಡು ಕಾಲುವೆಯ ಏರಿ ಹಿಡಿದಳು. ನಮ್ಮ ಎರೆಯ ಗುಣ ಅವಳ ಲೆಕ್ಕದಲ್ಲಿ ಇರಲಿಲ್ಲ. ಅದು ಟೈರಿಗೆ ಹತ್ತಿತು, ಹತ್ತಿದ್ದರ ಮೇಲೆ ಮತ್ತಷ್ಟು ಹತ್ತಿತು, ಗಾಲಿ ಮತ್ತು ಅದನ್ನು ಹಿಡಿದ ಕವೆಯ ನಡುವೆ ಗಚ್ಚಿನಂತೆ ತುಂಬಿ ಗಾಲಿ ತಿರುಗುವುದನ್ನೇ ನಿಲ್ಲಿಸಿತು. ಆರತಿಗೆ ಹೆಂಗಸರೆಲ್ಲ ಸೇರಿದ್ದಾಗ ಕೆರೆಯಿಂದೆದ್ದ ಎಮ್ಮೆಯಂತೆ ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಹೆಗಲ ಮೇಲೆ ಸೈಕಲ್ಲು, ತಲೆಯ ಮೇಲೆ ಉಡಿಯ ಸಾಮಾನಿನ ಗಂಟು. ಗಂಟಿಗೆ ಮಾತ್ರ ಒಂದು ಹನಿ ಕೆಸರು ತಾಗಿರಲಿಲ್ಲ. ನನ್ನ ಗಂಡನ ತಾಯಿ ಕಾಲಿಗೆ ನೀರು ತಂದರು. ಅತ್ತೆ ಆ ಚೆಂಬನ್ನು ಇಸಿದುಕೊಂಡು ಮೊದಲು ಗಾಲಿಗೆ ಹಾಕಿದಳು.

‘ಅಗಲ ಅಲ್ಲ ತಂಗಿ’ ಎಂದಳು ನನಗೆ, ಹಸಿರು ಬಳೆ ಇಡಿಸುತ್ತ. ‘ಎರಿಗೆ ಸಣ್ಣ ಟೈರು ಬೇಕು. ಹಲ್ಲು ದೂರ ದೂರ ಇರಬೇಕು, ಮಣ್ಣು ತಾನಾ ಉದುರಿ ಬೀಳತೈತಿ.’

ಕುಬಸದ ದಿನ ಬಸುರಿಗೆ ಹೇಳುವ ಮಾತೇ ಇದು? ಆದರೆ ಆ ದಿನ ನನಗೆ ಯಾರಾದರೂ ಹೇಳಿದ ಉಪಯೋಗಕ್ಕೆ ಬರುವ ಮಾತು ಅದೊಂದೇ. ಉಳಿದವರೆಲ್ಲ ಗಂಡೋ ಹೆಣ್ಣೋ ಎಂದು ಹೊಟ್ಟೆಯ ಆಕಾರ ನೋಡುತ್ತಿದ್ದರು.

ಗುರುಗುಂಟಾದ ಕಡೆ ಮಣ್ಣಿನ ಕಾಟವಿಲ್ಲ, ಜಾಲಿಮುಳ್ಳಿನ ಕಾಟ. ಅಲ್ಲಿಗಾಗಿ ಅತ್ತೆ ಟ್ಯೂಬ್ ಇಲ್ಲದ ಟೈರು ಹಾಕಿಸಿ, ಅದರೊಳಗೆ ಹಾಲಿನಂಥ ಒಂದು ಅಂಟು ಹುಯ್ಯಿಸಿದಳು. ಮುಳ್ಳು ಚುಚ್ಚಿದರೆ ಆ ಹಾಲೇ ಹೊರಬಂದು ತೂತು ಮುಚ್ಚುತ್ತದೆ. ಒಮ್ಮೆ ಕುರಿ ಕಾಯುವ ಅಜ್ಜನೊಬ್ಬನ ಎದುರಿಗೇ ಟೈರಿಗೆ ಮುಳ್ಳು ಚುಚ್ಚಿತು. ಗಾಲಿ ತಿರುಗಿದಂತೆ ಬೆಳ್ಳಗೆ ಚಿರ್ರನೆ ಹಾರಿ ಅಜ್ಜನ ಕಂಬಳಿಗೆ ಸಿಡಿಯಿತು. ಅಜ್ಜ ಕಂಬಳಿ ಮುಟ್ಟಿ ನೋಡಿ, ಸೈಕಲ್ ನೋಡಿ, ‘ಹೊತ್ತಿಗೆ ಎಷ್ಟು ಕೊಡತೈತ್ರಿ ಯಕ್ಕಾ?’ ಎಂದು ಕೇಳಿದನಂತೆ.

‘ಚುಚ್ಚಿದಾಗ ಅಷ್ಟೇ ಯಜ್ಜ’ ಎಂದು ಹೇಳಿ ಅತ್ತೆ ಮುಂದೆ ಹೋದಳಂತೆ.

ಕೊನೆಗೆ ಉಳಿದದ್ದು ಮಸ್ಕಿ. ಮಸ್ಕಿಯಲ್ಲಿ ಗುಡ್ಡವಿದೆ, ಬಂಡೆಗಳಿವೆ, ನಮ್ಮಪ್ಪ ಇದ್ದಾರೆ. ಅಪ್ಪನದು ಬಜಾರಿನಲ್ಲಿ ಬಟ್ಟೆ ಅಂಗಡಿ. ಬಿಳಿ ಧೋತರ, ಬಿಳಿ ಅಂಗಿ, ಮೂರೆಳೆ ವಿಭೂತಿ. ಜೋರಾಗಿ ನಕ್ಕರೂ ಜನ ಏನೆಂದಾರೋ ಎನ್ನುವ ಮನುಷ್ಯ. ತಂದೆ ತಾಯಿ ಬೇಗ ಹೋಗಿದ್ದರಿಂದ ತಂಗಿಯನ್ನು ಓದಿಸಿ ನೌಕರಿಗೆ ಹಚ್ಚಿದವರು ಅವರೇ. ಅಂಥ ಅಪ್ಪನ ಅಂಗಡಿಗೆ ಬಂದ ಗಿರಾಕಿಯೊಬ್ಬ, ಸೀರೆ ನೋಡುತ್ತ ನೋಡುತ್ತ, ‘ನಿಮ್ಮ ತಂಗೆಮ್ಮ ಗುಡ್ಡದ ಮ್ಯಾಲಿಂದ ಸೈಕಲ್ ಇಳಸಾಕತ್ತಾರಲ್ರಿ ಸಾವಕಾರ್ರ’ ಎಂದುಬಿಟ್ಟ.

ಸ್ವಲ್ಪ ಹೊತ್ತಿಗೆ ಅತ್ತೆಯೇ ಅಂಗಡಿಯ ಮುಂದೆ ಬಂದಳು. ಕಲ್ಲಿನ ಮೇಲೆ ಹಿಡಿತ ಸಿಗಲೆಂದು ಟೈರಿನ ಗಾಳಿ ಇಳಿಸಿದ್ದಳು. ಅದನ್ನು ಏರಿಸಲು ಪಂಪ್ ತೆಗೆದು ಬಜಾರಿನ ನಡುವೆ ಕುಸ್ ಕುಸ್ ಎಂದು ಹೊಡೆಯತೊಡಗಿದಳು. ಅಪ್ಪ ಗಾದಿಯ ಮೇಲಿಂದಲೇ ಹೇಳಿದರು.

‘ಮಸ್ಕಿಗೆ ಬಸ್ಸಿಗೆ ಬರೋದಾದ್ರ ಬಾ. ಇದರ ಮ್ಯಾಲೆ ಬರೋದಾದ್ರ ನನ್ನ ಹೊಸ್ತಿಲಿಗೆ ಬರಬ್ಯಾಡ. ಮಂದಿಗೆ ಮುಖ ತೋರಸದಂಗ ಮಾಡೀ.’

ಅತ್ತೆ ಗಾಳಿ ತುಂಬುವುದನ್ನು ಮುಗಿಸಿದಳು. ಒತ್ತಿ ನೋಡಿದಳು. ‘ಆತಣ್ಣಾ’ ಎಂದಳು. ಸೈಕಲ್ ಹತ್ತಿ ಹೋದಳು.

ಆಮೇಲೆ ನಮ್ಮ ತವರಿನಲ್ಲಿ ಎರಡು ದೀಪಾವಳಿ ಅತ್ತೆಯಿಲ್ಲದೆ ಆದವು. ಲಿಂಗಸುಗೂರಿನಿಂದ ಸಿಂಧನೂರಿಗೆ ನನ್ನ ಮಗಳನ್ನು ನೋಡಲು ಬರುವಾಗ ಅವಳು ಮಸ್ಕಿಯ ಬಜಾರಿನಲ್ಲೇ ಹಾದು ಬರಬೇಕು. ಬರುತ್ತಿದ್ದಳು. ಅಂಗಡಿಯ ಮುಂದೆ ನಿಲ್ಲುತ್ತಿರಲಿಲ್ಲ. ಅಪ್ಪ ಆ ಹೊತ್ತಿಗೆ ಬಟ್ಟೆಯ ಥಾನು ಬಿಚ್ಚುತ್ತ ತಲೆ ತಗ್ಗಿಸುತ್ತಿದ್ದರು ಎಂದು ಅವ್ವ ಹೇಳುತ್ತಿದ್ದಳು. ‘ಇಬ್ಬರೂ ಒಂದೇ ಹೊಟ್ಟ್ಯಾಗ ಹುಟ್ಟ್ಯಾರ. ನಾ ಏನ ಮಾಡ್ಲಿ?’ ಎನ್ನುವಳು.

ಕಳೆದ ವರ್ಷ ಅತ್ತೆ ಬಿದ್ದಳು. ಅದೂ ಮಸ್ಕಿಯ ಗುಡ್ಡದಲ್ಲೇ. ಚೂಪುಗಲ್ಲಿಗೆ ಟೈರಿನ ಬದಿ ಸೀಳಿ, ಗಾಳಿ ಒಮ್ಮೆಲೇ ಹೋಗಿ ಬಂಡೆಯ ಮೇಲಿಂದ ಜಾರಿದಳು. ಕೊರಳ ಪಕ್ಕದ ಹೆಗಲೆಲುಬು ಮುರಿಯಿತು. ಅಪ್ಪ ನೋಡಲು ಹೋಗಲಿಲ್ಲ. ಅವ್ವ ಬುತ್ತಿ ಕಟ್ಟಿಕೊಂಡು ಲಿಂಗಸುಗೂರಿಗೆ ಹೋಗಿ ಬಂದಳು. ಅಪ್ಪ ಊಟ ಬಿಟ್ಟು ಅವಳ ಮುಖವನ್ನೇ ನೋಡಿದರಂತೆ.

‘ಅರಾಮ ಅದಾಳ’ ಎಂದಳಂತೆ ಅವ್ವ. ‘ತಪ್ಪು ತಂದಲ್ಲಂತ. ಟೈರು ಹಳೇದಾಗಿತ್ತಂತ.’

ಅದಾದ ಮೇಲೆ ಅಪ್ಪ ಹೈದರಾಬಾದಿಗೆ ಬಟ್ಟೆ ಖರೀದಿಗೆ ಹೋದರು. ಆಗ ಅತ್ತೆಗೆ ಅಡುಗೆ ಮಾಡಿ ಹಾಕಲು ಮಗಳನ್ನು ಕರೆದುಕೊಂಡು ನಾನು ಲಿಂಗಸುಗೂರಿನಲ್ಲಿದ್ದೆ. ಒಂದು ಮಧ್ಯಾಹ್ನ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಬಿಳಿ ಅಂಗಿಯ ಹೆಗಲಿಗೆ ಜೋಳಿಗೆಯಂತೆ ಒಂದು ಕರಿ ಟೈರು. ಹೈದರಾಬಾದಿನಿಂದ ಬಸ್ಸಿನಲ್ಲಿ ಅದನ್ನು ಹಾಗೆಯೇ ತಂದಿದ್ದರು. ಧೂಳು ಧೋತರಕ್ಕೆ ಇಳಿದಿತ್ತು.

‘ಕಲ್ಲಿಗೆ ಹಿಡಿಯೋದು ಕೊಡು ಅಂದೆ’ ಎಂದರು ಯಾರ ಮುಖವನ್ನೂ ನೋಡದೆ. ‘ಅಂಗಡ್ಯಾಂವ ಇದ ಕೊಟ್ಟ. ನೋಡು, ಆಗತೈತೇನು.’

ಅತ್ತೆ ಪಟ್ಟಿ ಹಾಕಿದ ಕೈಯನ್ನು ಹಾಗೇ ಇಟ್ಟು, ಇನ್ನೊಂದು ಕೈಯಿಂದ ಟೈರನ್ನು ತೊಡೆಯ ಮೇಲೆ ತಿರುಗಿಸಿದಳು. ಬದಿಯಲ್ಲಿ ಅಳತೆ ಬರೆದಿತ್ತು. ಇಪ್ಪತ್ತಾರು ಇಂಚು. ಅತ್ತೆಯ ಗಾಲಿ ಇಪ್ಪತ್ತೊಂಬತ್ತು. ಅದು ನನಗೂ ಗೊತ್ತಿತ್ತು, ಏಕೆಂದರೆ ಕಾಲಿಂಚು ಅಗಲ ಹೆಚ್ಚಾಯಿತೆಂದು ಟೈರನ್ನು ರಾಯಚೂರಿನ ಅಂಗಡಿಗೆ ವಾಪಸು ಕಳಿಸಿ, ಆ ಅಂಗಡಿಯವನಿಗೆ ಫೋನಿನಲ್ಲಿ ಪಾಠ ಮಾಡಿದವಳು ಇವಳು.

ಅತ್ತೆ ಹಲ್ಲನ್ನು ಹೆಬ್ಬೆರಳಿನಿಂದ ಒತ್ತಿದಳು. ‘ರಬ್ಬರ್ ಮೆತ್ತಗೈತಿ. ಬದಿನೂ ದಪ್ಪ ಐತಿ’ ಎಂದಳು. ‘ಕಲ್ಲಿಗೆ ಇಂಥಾದ್ದೇ ಬೇಕಿತ್ತಣ್ಣಾ.’

‘ಕೂಡತೈತಿಲ್ಲ?’

‘ಕೂಡತೈತಿ.’

‘ಮತ್ತ ಬೀಳಂಗಿಲ್ಲಲ್ಲ?’

‘ಬೀಳಂಗಿಲ್ಲ.’

ಅಪ್ಪ ಚಹಾ ಕುಡಿದು, ಮೊಮ್ಮಗಳ ತಲೆ ಸವರಿ, ಬಸ್ಸಿಗೆ ಹೋದರು. ಅವರು ಓಣಿ ದಾಟುವವರೆಗೆ ಕಾದು ನಾನು, ‘ಅತ್ತಿ, ಅದು ನಿನ್ನ ಗಾಲಿಗೆ ಎಲ್ಲಿ ಕೂಡತೈತಿ?’ ಎಂದೆ.

‘ಬಾಯಿ ಮುಚ್ಚಲೇ. ನಿಮ್ಮಪ್ಪನ ಮುಂದ ಅಂದೀ ಮತ್ತ’ ಎಂದಳು.

ಎಲುಬು ಕೂಡಿದ ಮೇಲೆ ಅತ್ತೆ ಆ ದೊಡ್ಡ ಗಾಲಿಯ ಸೈಕಲ್ ಮಾರಿದಳು. ವಯಸ್ಸಾಯಿತು, ಎತ್ತರ ತಡೆಯುವುದಿಲ್ಲ ಎಂದು ಎಲ್ಲರಿಗೂ ಹೇಳಿದಳು. ಹಟ್ಟಿಯ ಗಣಿ ಕ್ವಾರ್ಟರ್ಸಿನಲ್ಲಿ ಯಾರೋ ಬಳಸಿ ಬಿಟ್ಟಿದ್ದ ಇಪ್ಪತ್ತಾರು ಇಂಚಿನ ಹಳೆಯ ಸೈಕಲ್ ಹುಡುಕಿ ತಂದಳು. ಟೈರಿಗೆ ತಕ್ಕ ಸೈಕಲ್ ಕೊಂಡವಳು ನಮ್ಮ ಮೂರು ಊರಿನಲ್ಲಿ ಅವಳೊಬ್ಬಳೇ ಇರಬೇಕು.

ನಾನು ತವರಿಗೆ ಬಂದು ಅಂಗಡಿಯಲ್ಲಿ ಕೂತಿದ್ದ ದಿನ ಅವಳು ಮಸ್ಕಿಗೆ ಬಂದಳು. ಅಂಗಡಿಯ ಮುಂದೆ ಇಳಿದು, ಸೈಕಲ್ ಹಿಡಿದು ನಿಂತಳು. ಅಪ್ಪ ಗಿರಾಕಿಗಳನ್ನು ಬಿಟ್ಟು ಮೆಟ್ಟಿಲಿಳಿದು ಹೋದರು. ಬಗ್ಗಿ ಮುಂದಿನ ಟೈರನ್ನು ಒತ್ತಿ ನೋಡಿದರು.

‘ಗಾಳಿ ಕಮ್ಮಿ ಐತಿ.’

‘ಗುಡ್ಡಕ್ಕ ಹೋಗಿದ್ದೆ. ಕಲ್ಲಿಗೆ ಇಷ್ಟೇ ಇರಬೇಕಣ್ಣಾ.’

‘ಹಿಡೀತು?’

‘ಚಲೋ ಹಿಡೀತು.’

ಅಪ್ಪ ಕೈಗೆ ಹತ್ತಿದ ಧೂಳು ಕೊಡವಿಕೊಂಡರು. ಆಮೇಲೆ ಅವಳ ಕೈಯಿಂದ ಹ್ಯಾಂಡಲ್ ತೆಗೆದುಕೊಂಡು, ‘ನಡಿ ಮನಿಗೆ, ನಿಮ್ಮ ವೈನಿ ರೊಟ್ಟಿ ಬಡಿಯಾಕತ್ತಾಳ’ ಎಂದರು. ಬಿಳಿ ಧೋತರದ ನಮ್ಮಪ್ಪ ನಡು ಬಜಾರಿನಲ್ಲಿ ಆ ಕೆಂಪು ಧೂಳಿನ ಸೈಕಲ್ಲನ್ನು ನೂಕಿಕೊಂಡು ಹೊರಟರು. ಅಂಗಡಿಗಳವರು ನೋಡುತ್ತಿದ್ದರು. ಅಪ್ಪ ಅವರೆಲ್ಲರಿಗೂ ತಾವಾಗಿಯೇ ನಮಸ್ಕಾರ ಮಾಡುತ್ತ ಹೋದರು.